ಕಾಫಿ ಕಣದಿಂದ ಕಡಲಿನ ಆಕಾಶ

ಮಂಜರಾಬಾದ್ ಕೋಟೆಯ ಒಳಗೆ ನಿಂತವರಿಗೆ ಅದರ ನಕ್ಷತ್ರದ ಆಕಾರ ಕಾಣುವುದಿಲ್ಲ. ಎಂಟು ಮೂಲೆಯ ಗೋಡೆ ಚೂಪಾಗಿ ಹೊರಗೆ ಚಾಚುತ್ತದೆ, ತುದಿ ಮುಟ್ಟಿ ಒಳಗೆ ಮಡಚಿಕೊಳ್ಳುತ್ತದೆ, ಮತ್ತೆ ಚಾಚುತ್ತದೆ. ಗೋಡೆಗುಂಟ ಪೂರ್ತಿ ಒಂದು ಸುತ್ತು ಹಾಕಿದ ಮೇಲೆಯೇ ಆ ಆಕಾರ ಮನಸ್ಸಿಗೆ ಹತ್ತುವುದು. ಟಿಪ್ಪು ಸುಲ್ತಾನ್ 1792ರಲ್ಲಿ ಇದನ್ನು ಕಟ್ಟಿಸಿ ಮುಗಿಸಿದ. ಮಾದರಿ ಫ್ರಾನ್ಸಿನ ಸೇನಾ ಎಂಜಿನಿಯರ್ ವೋಬಾನ್‌ನದು. ಶತ್ರು ಯಾವ ಗೋಡೆಯ ಬುಡಕ್ಕೆ ಬಂದರೂ ಪಕ್ಕದ ಮೂಲೆಯ ಬಂದೂಕು ಕಂಡಿಯಿಂದ ಅವನು ಸಿಗಬೇಕು, ಅದಕ್ಕೇ ಈ ಆಕಾರ. ನಡುವೆ ಶಿಲುಬೆಯಾಕಾರದ ಆಳವಾದ ಕೊಳ, ಅದಕ್ಕೆ ನಾಲ್ಕೂ ಕಡೆಯಿಂದ ಇಳಿಯುವ ಮೆಟ್ಟಿಲು. ಹತ್ತಿರದಲ್ಲೇ ಮದ್ದುಗುಂಡು ಇಡುತ್ತಿದ್ದ ನೆಲಮನೆಗಳು. ಹೊರಗೆ ಉರಿಬಿಸಿಲಿದ್ದರೂ ಅಲ್ಲಿಗೆ ಕಾಲಿಟ್ಟರೆ ತಂಪು ಹತ್ತುತ್ತದೆ.

ಸಕಲೇಶಪುರದಿಂದ ಮಂಗಳೂರು ಹೆದ್ದಾರಿಯಲ್ಲಿ ಸುಮಾರು ಆರು ಕಿಲೋಮೀಟರ್ ಬಂದರೆ ಈ ಗುಡ್ಡ. ಗಾಳಿ ಶುಭ್ರವಾಗಿರುವ ದಿನ ಇಲ್ಲಿಂದ ಅರಬ್ಬಿ ಸಮುದ್ರ ಕಾಣುತ್ತದೆ ಎಂದು ಊರಿನವರು ಹೇಳುತ್ತಾರೆ. ಗುಡ್ಡದ ಎತ್ತರ ಸಮುದ್ರಮಟ್ಟದಿಂದ 988 ಮೀಟರ್. ಅಷ್ಟು ಎತ್ತರದಿಂದ ನೋಟ ಸುಮಾರು 110 ಕಿಲೋಮೀಟರ್ ದೂರದ ದಿಗಂತದವರೆಗೆ ಹೋಗಬಲ್ಲದು. ಕಾಗೆ ಹಾರುವ ದಾರಿಯಲ್ಲಿ ಮಂಗಳೂರಿನ ಕರಾವಳಿ ಇರುವುದು ನೂರು ಕಿಲೋಮೀಟರಿನ ಆಸುಪಾಸಿನಲ್ಲಿ. ನಡುವೆ ಬೆಟ್ಟ ಅಡ್ಡ ಬರದಿದ್ದರೆ ಊರಿನವರ ಮಾತಿಗೆ ಲೆಕ್ಕವೂ ಒಪ್ಪುತ್ತದೆ. ನಾನು ಹೋದ ಸಂಜೆ ಪಶ್ಚಿಮದಲ್ಲಿ ಕಂಡದ್ದು ಘಟ್ಟದ ಸಾಲು ಮತ್ತು ಅದರಾಚೆ ಬೂದು ಬಣ್ಣದ ಒಂದು ಗೆರೆ.

ಈ ಗುಡ್ಡಕ್ಕೂ ಕಡಲಿಗೂ ಇನ್ನೊಂದು ನಂಟಿದೆ. ಅದನ್ನು ನೋಡಲು ಕತ್ತಲಾಗಬೇಕು. ಸಂಜೆಗೆ ಕೋಟೆಯ ಬಾಗಿಲು ಮುಚ್ಚುವುದರಿಂದ ನಾನು ಆಲೂರು ಕಡೆಯ ಪರಿಚಯದವರ ಕಾಫಿ ತೋಟಕ್ಕೆ ಹೊರಟೆ.

ಫೆಬ್ರವರಿ ಮೊದಲ ವಾರ, ಅಮಾವಾಸ್ಯೆಯ ಆಸುಪಾಸು. ಅರೇಬಿಕಾ ಕೊಯ್ಲು ಮುಗಿದು ರೊಬಸ್ಟಾ ನಡೆಯುತ್ತಿತ್ತು. ತೋಟದಲ್ಲಿ ಆಕಾಶ ನೋಡಲು ಕಣಕ್ಕಿಂತ ಒಳ್ಳೆಯ ಜಾಗವಿಲ್ಲ. ಸುತ್ತ ಸಿಲ್ವರ್ ಓಕ್, ಹಲಸು, ಅತ್ತಿಮರಗಳ ನೆರಳು ದಟ್ಟವಾಗಿದ್ದರೂ ಹಣ್ಣು ಒಣಗಿಸುವ ಕಣದ ಮೇಲೆ ಮಾತ್ರ ಮರದ ಕೊಂಬೆ ಬರಗೊಡುವುದಿಲ್ಲ. ಇಬ್ಬನಿ ಬೀಳುವ ಮುಂಚೆ ಹಣ್ಣನ್ನು ಗುಡ್ಡೆ ಮಾಡಿ ಟಾರ್ಪಾಲು ಹೊದಿಸಿದ್ದರು. ಹುಳಿ ಬೆರೆತ ಬೆಲ್ಲದಂಥ ವಾಸನೆ. ಹಗಲಿನ ಬಿಸಿಲು ಕುಡಿದ ಸಿಮೆಂಟು ನೆಲ ರಾತ್ರಿ ಒಂಬತ್ತಾದರೂ ಬೆನ್ನಿಗೆ ಬೆಚ್ಚಗಿತ್ತು.

“ಸಾರ್, ಕಣದ ಲೈಟ್ ಆರಿಸ್ತೀನಿ. ಆದ್ರೆ ಗೇಟ್ ದಾಟ್ಬೇಡಿ,” ಎಂದರು ತೋಟದ ರೈಟರ್. “ಒಂಟಿ ಸಲಗ ಈ ಕಡೆಗೇ ಬಂದಿದೆ ಅಂತ ಮೊಬೈಲಿಗೆ ಮೆಸೇಜ್ ಬಂದಿದೆ.” ಆಲೂರು, ಸಕಲೇಶಪುರದಲ್ಲಿ ಆನೆ ಎಲ್ಲಿದೆ ಎಂದು ತಿಳಿದುಕೊಳ್ಳದೆ ಯಾರೂ ರಾತ್ರಿ ಹೊರಗೆ ಕಾಲಿಡುವುದಿಲ್ಲ. ಪ್ರಾಣ ಕಳೆದುಕೊಂಡವರ ಮನೆಗಳು ಇಲ್ಲಿ ಊರೂರಲ್ಲೂ ಇವೆ.

ಲೈಟ್ ಆರಿತು. ಕಣ್ಣು ಕತ್ತಲಿಗೆ ಹೊಂದಿಕೊಳ್ಳಲು ಇಪ್ಪತ್ತು ನಿಮಿಷವಾದರೂ ಬೇಕು. ಅಷ್ಟು ಕಾದ ಮೇಲೆ ಕಂಡದ್ದು ಒಂದು ಇಡೀ ಮಳೆಗಾಲ! ಪಶ್ಚಿಮಕ್ಕೆ ವಾಲಿದ ಕೃತ್ತಿಕೆಯ ಗೊಂಚಲು, ಅದರ ಹಿಂದೆ ಕೆಂಪಗೆ ರೋಹಿಣಿ, ನೆತ್ತಿಯ ಮೇಲೆ ಮೃಗಶಿರಾ ಮತ್ತು ಆರಿದ್ರಾ, ಪೂರ್ವದಲ್ಲಿ ಪುನರ್ವಸು, ಪುಷ್ಯ. ಮಲೆನಾಡಿನ ರೈತರು ಮಳೆಯನ್ನು ಗುರುತಿಸುವುದೇ ಈ ಹೆಸರುಗಳಿಂದ. ಆರಿದ್ರಾ ಎಷ್ಟು ಇಂಚು ಹೊಡೆಯಿತು, ಪುನರ್ವಸು ಕೈಕೊಟ್ಟಿತೇ ಎಂಬುದು ಇಲ್ಲಿನ ದಿನದ ಮಾತು. ಆದರೆ ಆರಿದ್ರಾ ಮಳೆ ಸುರಿಯುವಾಗ ಆರಿದ್ರಾ ನಕ್ಷತ್ರ ಕಾಣುವುದಿಲ್ಲ. ಸೂರ್ಯ ಆ ನಕ್ಷತ್ರದ ದಿಕ್ಕಿನಲ್ಲಿರುವ ಜೂನ್ ಕೊನೆಯ ದಿನಗಳಿಗೇ ಆರಿದ್ರಾ ಮಳೆ ಎನ್ನುವುದು. ಮುಂದಿನ ಮಳೆಗಾಲದ ಪಟ್ಟಿಯನ್ನು ಆಕಾಶದಲ್ಲಿ ಓದುವ ಕಾಲ ಈ ಬೇಸಿಗೆಯ ಬಾಗಿಲು.

ಜೂನ್‌ನಲ್ಲಿ ಈ ಗುಡ್ಡಗಳ ಮೇಲೆ ಮಳೆ ಸುರಿಸುವ ಅದೇ ನೈರುತ್ಯ ಮಾರುತ ಹಿಂದೆ ಹಾಯಿಹಡಗುಗಳಿಗೆ ಕರಾವಳಿಯನ್ನು ಮುಚ್ಚಿಬಿಡುತ್ತಿತ್ತು. ಅದರ ಬಿರುಸು ಇಳಿದ ಮೇಲೆಯೇ ಅರಬ್ಬೀ ದೇಶದ ಹಡಗುಗಳು ನಮ್ಮ ಕಡೆಗೆ ಬರುತ್ತಿದ್ದವು. 12ನೇ ಶತಮಾನದಲ್ಲಿ ಸುಮಾರು 1132ರಿಂದ 1149ರವರೆಗೆ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವರ್ತಕ ಮಂಗಳೂರಿನಲ್ಲಿ ನೆಲೆಸಿದ್ದ. ಕಡಲಾಚೆಯ ಏಡನ್ ಬಂದರಿಗೆ ಮೆಣಸು, ಏಲಕ್ಕಿ, ಅಡಿಕೆ, ಕಬ್ಬಿಣ ಕಳಿಸುತ್ತಿದ್ದ. ಅವನ ಕಾಗದಪತ್ರಗಳು ಕೈರೋದ ಹಳೆಯ ಯಹೂದಿ ಮಂದಿರದಲ್ಲಿ ಉಳಿದು ನಮ್ಮ ಕಾಲಕ್ಕೆ ಸಿಕ್ಕಿವೆ. ಬೊಮ್ಮ ಎಂಬ ಅವನ ಆಳು ವ್ಯಾಪಾರದ ಮೇಲೆ ಏಡನ್‌ಗೆ ಹೋದದ್ದೂ ಅವುಗಳಲ್ಲಿದೆ. ಲೇಖಕ ಅಮಿತಾವ್ ಘೋಷ್ 1992ರ ತಮ್ಮ ಪುಸ್ತಕಕ್ಕಾಗಿ ಈ ಬೊಮ್ಮನ ಜಾಡು ಹಿಡಿದು ತುಳುನಾಡಿಗೆ ಬಂದಿದ್ದರು.

ನೆಲ ಕಾಣದ ವಾರಗಟ್ಟಲೆ ಪಯಣದಲ್ಲಿ ಬೊಮ್ಮನ ಹಡಗಿಗೆ ದಾರಿ ತೋರಿದ್ದು ಯಾವುದು? ಉತ್ತರ ಕಣದ ಮೇಲಿಂದಲೇ ಸಿಗುತ್ತದೆ. ಹತ್ತೂವರೆ ಹೊತ್ತಿಗೆ ಸಪ್ತರ್ಷಿಗಳು ಈಶಾನ್ಯದಲ್ಲಿ ಎದ್ದಿದ್ದರು. ಮುಂದಿನ ಎರಡು ನಕ್ಷತ್ರಗಳ ಗೆರೆ ಹಿಡಿದು ಹೋದರೆ, ಉತ್ತರದ ಮರಗಳ ತುದಿಗೆ ತಾಗಿಕೊಂಡಂತೆ ಮಂಕಾದ ಒಂದು ಚುಕ್ಕಿ: ಧ್ರುವ. ಕೈ ನೀಳವಾಗಿ ಚಾಚಿ ಮುಷ್ಟಿ ಹಿಡಿದರೆ ಅದರ ಅಗಲ ಸುಮಾರು ಹತ್ತು ಡಿಗ್ರಿ. ದಿಗಂತದಿಂದ ಒಂದು ಮುಷ್ಟಿ, ಅದರ ಮೇಲೆ ಎರಡು ಬೆರಳು. ಹದಿಮೂರು ಡಿಗ್ರಿ, ಅಂದರೆ ನಾನು ಮಲಗಿದ್ದ ಜಾಗದ ಅಕ್ಷಾಂಶವೇ! ಅರಬ್ಬಿ ಸಮುದ್ರದ ನಾವಿಕರೂ ಧ್ರುವನ ಎತ್ತರವನ್ನು ಬೆರಳಿನ ಲೆಕ್ಕದಲ್ಲೇ ಹೇಳುತ್ತಿದ್ದರು. ಗಂಟು ಹಾಕಿದ ದಾರಕ್ಕೆ ಕಟ್ಟಿದ ಸಣ್ಣ ಹಲಗೆಯೊಂದು ಅವರ ಉಪಕರಣ. ಏಡನ್ ಇರುವುದು 12.8 ಡಿಗ್ರಿಯಲ್ಲಿ, ಮಂಗಳೂರು 12.9ರಲ್ಲಿ, ಸಕಲೇಶಪುರವೂ 12.9ರಲ್ಲಿ. ಏಡನ್ ಬಂದರು ಬಿಟ್ಟವನು ಧ್ರುವನನ್ನು ಅದೇ ಎತ್ತರಕ್ಕೆ ತಂದುಕೊಂಡು ಪೂರ್ವಕ್ಕೆ ಸಾಗಿದರೆ ತಲುಪುವುದು ಮಂಗಳೂರಿಗೆ. ಆ ಗೆರೆಯನ್ನೇ ಘಟ್ಟ ಹತ್ತಿಸಿದರೆ ಈ ಕಾಫಿ ಕಣಕ್ಕೆ.

ಬೊಮ್ಮನ ಕಾಲದಲ್ಲಿ ಧ್ರುವ ಇವತ್ತಿನಷ್ಟು ಸ್ಥಿರವಾಗಿರಲಿಲ್ಲ. ಭೂಮಿಯ ಅಕ್ಷ ನಿಧಾನವಾಗಿ ತಿರುಗುವುದರಿಂದ ಅಂದು ಆ ನಕ್ಷತ್ರ ನಿಜವಾದ ಉತ್ತರಬಿಂದುವಿನಿಂದ ಐದು ಡಿಗ್ರಿಗೂ ಹೆಚ್ಚು ಸರಿದಿತ್ತು. ಒಂದೇ ರಾತ್ರಿಯಲ್ಲಿ ಏರಿ ಇಳಿಯುವುದು ಕಣ್ಣಿಗೆ ಕಾಣುವಷ್ಟಿತ್ತು. 15ನೇ ಶತಮಾನದ ಅರಬ್ ನಾವಿಕ ಇಬ್ನ್ ಮಾಜಿದ್‌ನ ಹೊತ್ತಿಗೂ ಅದು ಮೂರು ಡಿಗ್ರಿಗಿಂತ ಹೆಚ್ಚು ಆಚೆಗಿತ್ತು. ನಾವಿಕರು ಅದನ್ನು ತಿಳಿದೇ ಲೆಕ್ಕ ಹಾಕುತ್ತಿದ್ದರು. ನಂಬಿದ ನಕ್ಷತ್ರ ಅಲುಗುತ್ತದೆ, ಎಷ್ಟು ಅಲುಗುತ್ತದೆ ಎಂದು ಗೊತ್ತಿದೆ, ಅಷ್ಟನ್ನು ಕಳೆದು ದಡ ಸೇರುತ್ತೇವೆ. ಬದುಕಿನಲ್ಲಿ ನಾವು ಹಿಡಿದು ನಡೆಯುವ ಹಿರಿಯರು, ಗುರುಗಳು, ನಂಬಿಕೆಗಳು ಯಾವುವೂ ಕದಲದವಲ್ಲ. ಅವರ ಕುಂದು ಕಂಡ ದಿನವೇ ಅವರನ್ನು ಬಿಟ್ಟುಬಿಟ್ಟರೆ ನಡುಗಡಲಿನಲ್ಲಿ ನಿಲ್ಲುತ್ತೇವೆ. ಕುಂದನ್ನು ಅಳೆದು, ಅದರ ಸಮೇತ ಅವರ ಬೆಳಕಿನಲ್ಲಿ ಸಾಗುವುದು ನಾವಿಕರ ವಿವೇಕ. ಅಂಗಾತ ಮಲಗಿದ್ದ ನನಗೆ ಇದಕ್ಕಿಂತ ದೊಡ್ಡ ಪಾಠ ಬೇರೆ ಕಾಣಲಿಲ್ಲ.

ಧ್ರುವನ ಮೇಲೆ ಎತ್ತರದಲ್ಲಿ ಬ್ರಹ್ಮಹೃದಯ ಹೊಳೆಯುತ್ತಿತ್ತು. ಅದರ ದೂರ ಸುಮಾರು 43 ಜ್ಯೋತಿರ್ವರ್ಷ. ಇಂದು ನಮ್ಮ ಕಣ್ಣಿಗೆ ಬೀಳುವ ಬೆಳಕು ಅಲ್ಲಿಂದ ಹೊರಟದ್ದು 1980ರ ದಶಕದ ಆರಂಭದಲ್ಲಿ. ಇದೇ ಜಿಲ್ಲೆಯ ಹಾಸನದಲ್ಲಿ ಇಸ್ರೊದ ಮುಖ್ಯ ನಿಯಂತ್ರಣ ಕೇಂದ್ರ 1982ರಲ್ಲಿ ಶುರುವಾದದ್ದೂ ಆ ಹೊತ್ತಿಗೇ. ನಾವಿಕನಿಗೆ ಈಗ ದಾರಿ ಹೇಳುವುದು ಉಪಗ್ರಹ. ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿರುವ ನಮ್ಮ ‘ನಾವಿಕ್’ ಉಪಗ್ರಹಗಳ ಮೇಲೆ ಕಣ್ಣಿಟ್ಟು, ಜಾಗ ತಪ್ಪದಂತೆ ನೋಡಿಕೊಳ್ಳುವ ಕೆಲಸ ಹಾಸನದ ಆ ಕೇಂದ್ರದಲ್ಲೂ ನಡೆಯುತ್ತದೆ. ಆಕಾಶದಲ್ಲಿ ಮನುಷ್ಯ ಇಟ್ಟ ದಾರಿದೀಪಗಳಿಗೆ ನಮ್ಮ ಜಿಲ್ಲೆಯೂ ಕಾವಲು ಎಂಬುದು ಹೆಮ್ಮೆಯ ಮಾತು.

ದಕ್ಷಿಣದಲ್ಲಿ ಲುಬ್ಧಕನ ಕೆಳಗೆ ಅಗಸ್ತ್ಯ. ಸುಮಾರು 310 ಜ್ಯೋತಿರ್ವರ್ಷ ದೂರ. ಆ ಬೆಳಕು ಹೊರಟಾಗ ಮಂಜರಾಬಾದ್‌ನ ಗುಡ್ಡದ ಮೇಲೆ ಈ ಕೋಟೆ ಇರಲಿಲ್ಲ. ಬೆಳಗಿನ ಜಾವ ನಾಲ್ಕರ ಸುಮಾರಿಗೆ ಎದ್ದರೆ ಅದೇ ದಕ್ಷಿಣದಲ್ಲಿ ತ್ರಿಶಂಕು, ತೋಟದ ಮರಗಳಿಗಿಂತ ಸ್ವಲ್ಪವೇ ಮೇಲೆ. ಅದು ತಲೆಯ ಮೇಲೆ ಬರುವ ಕಡಲಿಗೂ ನಮ್ಮವರು ಹೋಗಿ ಬಂದಿದ್ದಾರೆ: ಭಾರತೀಯ ನೌಕಾಪಡೆಯ ದಿಲ್ನಾ ಕೆ. ಮತ್ತು ರೂಪಾ ಎ. 2024ರ ಅಕ್ಟೋಬರ್ 2ರಂದು ಗೋವಾದಿಂದ ‘ತಾರಿಣಿ’ ಹಾಯಿದೋಣಿಯಲ್ಲಿ ಹೊರಟು, ಭೂಮಿಯನ್ನು ಸುತ್ತಿ, 2025ರ ಮೇ 29ರಂದು ಮರಳಿದರು. ದಕ್ಷಿಣ ಮಹಾಸಾಗರದಲ್ಲಿ ಧ್ರುವ ದಿಗಂತದ ಕೆಳಗೆ ಹೋಗಿಬಿಡುತ್ತದೆ, ತ್ರಿಶಂಕು ನೆತ್ತಿಯ ಕಡೆಗೆ ಏರುತ್ತದೆ. ನಮ್ಮ ಗುಡ್ಡದಲ್ಲಿ ಮರದ ತುದಿ ಸವರುವುದು ಅವರಿಗೆ ತಲೆಯ ಮೇಲಿನ ಗುರುತು. ಹುಟ್ಟಿದ ಊರಿನ ನಕ್ಷತ್ರ ಮುಳುಗಿದ ಮೇಲೂ ಹೊಸದೊಂದನ್ನು ಗುರುತಿಸಿ ಮುಂದೆ ಸಾಗಬಹುದೆಂದು ಅವರ ಪಯಣ ಹೇಳುತ್ತದೆ.

ಹೋಗುವವರಿಗೆ: ಬೆಂಗಳೂರಿನಿಂದ ಸಕಲೇಶಪುರಕ್ಕೆ ಬಸ್ಸು, ರೈಲು ಎರಡೂ ಇವೆ. ಡಿಸೆಂಬರ್‌ನಿಂದ ಮಾರ್ಚ್‌ವರೆಗಿನ ಅಮಾವಾಸ್ಯೆಯ ಆಸುಪಾಸಿನ ರಾತ್ರಿಗಳು ಉತ್ತಮ. ಕೋಟೆಗೆ ಹಗಲಲ್ಲೇ ಹೋಗಿ ಬನ್ನಿ. ರಾತ್ರಿ ನೋಡುವುದು ತಂಗಿದ ಮನೆಯ ಅಂಗಳದಿಂದಲೋ ಕಣದಿಂದಲೋ ಇರಲಿ, ಆನೆಯ ಸುದ್ದಿ ಕೇಳದೆ ಹೊರಬೀಳಬೇಡಿ. ದೂರದರ್ಶಕ ಬೇಕೆಂದಿಲ್ಲ, ಬೆಚ್ಚನೆಯ ಕಂಬಳಿ ಸಾಕು.

ಹೋಂಸ್ಟೇ ನಡೆಸುವವರಲ್ಲಿ ಒಂದು ಮಾತು. ರಾತ್ರಿಯಿಡೀ ಉರಿಯುವ ಫ್ಲಡ್‌ಲೈಟುಗಳು ಈ ಗುಡ್ಡಗಳ ಆಕಾಶವನ್ನು ದಿನೇದಿನೇ ಮಸುಕು ಮಾಡುತ್ತಿವೆ. ಬೆಳಗಿನ ಮಂಜು ತೋರಿಸಲು ಅತಿಥಿಗಳನ್ನು ಎಬ್ಬಿಸುವ ನೀವು ರಾತ್ರಿ ಒಂದು ಗಂಟೆ ದೀಪ ಆರಿಸಿ, ಅವರ ಮಕ್ಕಳಿಗೆ ಧ್ರುವನನ್ನು ತೋರಿಸಿ, ಮುಷ್ಟಿ ಹಿಡಿದು ಅಳೆಯಲು ಕಲಿಸಿ. ತಾನು ಭೂಮಿಯ ಮೇಲೆ ಎಲ್ಲಿದ್ದೇನೆ ಎಂದು ತನ್ನ ಕೈಯಿಂದಲೇ ಕಂಡುಕೊಂಡ ಮಗು ಈ ಊರನ್ನು ಮರೆಯುವುದಿಲ್ಲ.