ಕೆಲಸಕ್ಕೆ ಹೊರಟ ಮಕ್ಕಳಿಗೆ ಮೊದಲ ಪಾಠ ಸುರಕ್ಷತೆ

ಎಸೆಸೆಲ್ಸಿ, ಪಿಯುಸಿ ಪರೀಕ್ಷೆಗಳು ಮುಗಿಯುತ್ತಲೇ ನಮ್ಮ ಮೊಹಲ್ಲಾಗಳ ಅನೇಕ ಮಕ್ಕಳು ಕೆಲಸಕ್ಕೆ ಹೊರಡುತ್ತಾರೆ. ಕೆಲವರದು ರಜೆಯ ಎರಡು ತಿಂಗಳ ದುಡಿಮೆ. ಇನ್ನು ಕೆಲವರು ಓದು ನಿಲ್ಲಿಸಿ ಅಲ್ಲೇ ಉಳಿಯುತ್ತಾರೆ. ಗ್ಯಾರೇಜ್, ವೆಲ್ಡಿಂಗ್ ಶಾಪ್, ಬೇಕರಿ, ಕ್ಯಾಟರಿಂಗ್, ಎ.ಸಿ. ರಿಪೇರಿ, ವಯರಿಂಗ್, ಪೈಂಟಿಂಗ್ ಹೀಗೆ ಸಿಕ್ಕಿದ್ದು ಕೆಲಸ. ಮಗನನ್ನು ಬಿಟ್ಟು ಬರುವಾಗ ತಂದೆ ಕೇಳುವ ಪ್ರಶ್ನೆಗಳು ಸಾಮಾನ್ಯವಾಗಿ ಮೂರು: ಸಂಬಳ ಎಷ್ಟು? ಊಟ ಇದೆಯೇ? ಮಾಲಕರು ಹೇಗೆ? ನಾಲ್ಕನೆಯ ಒಂದು ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ: "ಯಂತ್ರ ಮುಟ್ಟುವ ಮೊದಲು ಇವನಿಗೆ ಯಾರು, ಏನು ಕಲಿಸುತ್ತಾರೆ?"

ಮಗನ ಬೆರಳು, ಕಣ್ಣು, ಕೆಲವೊಮ್ಮೆ ಜೀವವೇ ಈ ಪ್ರಶ್ನೆಯ ಮೇಲೆ ನಿಂತಿರುತ್ತದೆ.

ಹೊಸಬರಿಗೇ ಯಾಕೆ ಹೆಚ್ಚು ಅಪಾಯ?

ಹೊಸ ಕೆಲಸದ ಮೊದಲ ದಿನಗಳೇ ಹೆಚ್ಚು ಅಪಾಯದ ದಿನಗಳು. ಕೆನಡಾದ ಟೊರಾಂಟೊದಲ್ಲಿರುವ ಇನ್‌ಸ್ಟಿಟ್ಯೂಟ್ ಫಾರ್ ವರ್ಕ್ ಅಂಡ್ ಹೆಲ್ತ್ ನಡೆಸಿದ ಅಧ್ಯಯನಗಳು ಇದನ್ನು ಲೆಕ್ಕ ಹಾಕಿ ತೋರಿಸಿವೆ. ಒಂದು ವರ್ಷಕ್ಕಿಂತ ಹೆಚ್ಚು ಅನುಭವ ಇರುವವರಿಗೆ ಹೋಲಿಸಿದರೆ, ಮೊದಲ ತಿಂಗಳಲ್ಲಿರುವವರು ರಜೆ ಹಾಕಬೇಕಾದಂತಹ ಗಾಯಕ್ಕೆ ಒಳಗಾಗುವ ಸಾಧ್ಯತೆ ಮೂರು ಪಟ್ಟಿಗಿಂತಲೂ ಅಧಿಕ.

ಹುಡುಗರ ತುಂಟತನವೇ ಇದಕ್ಕೆ ಕಾರಣ ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಆದರೆ ಹೆಚ್ಚಿನ ಸಲ ಆಗುವುದು ಅದರ ವಿರುದ್ಧ. ಹುಡುಗ ವಿಧೇಯನಾಗಿರುತ್ತಾನೆ. ಹಿರಿಯರು ಹೇಳಿದ್ದಕ್ಕೆ ಎದುರು ಮಾತಾಡಬಾರದೆಂದು ಮನೆಯಲ್ಲಿ, ಶಾಲೆಯಲ್ಲಿ ಕಲಿತಿರುತ್ತಾನೆ. "ಆ ಗ್ರೈಂಡರ್ ತಗೋ" ಎಂದರೆ ತೆಗೆದುಕೊಳ್ಳುತ್ತಾನೆ. ಅದನ್ನು ಹಿಡಿಯುವುದು ಹೇಗೆಂದು ಗೊತ್ತಿಲ್ಲ ಎನ್ನಲು ನಾಚಿಕೆ, ಕೆಲಸ ಬರುವುದಿಲ್ಲವೆಂದು ಮನೆಗೆ ಕಳುಹಿಸಿಯಾರು ಎಂಬ ಭಯ. ಆದ್ದರಿಂದ ಸುರಕ್ಷತೆಯ ತರಬೇತಿ ಎಂದರೆ ಹೆಲ್ಮೆಟ್ ಕೊಡುವುದಷ್ಟೇ ಅಲ್ಲ. ಗೊತ್ತಿಲ್ಲದ್ದನ್ನು ಕೇಳುವ ಧೈರ್ಯವನ್ನೂ ಕೊಡಬೇಕು.

ಕಾನೂನು ಏನು ಹೇಳುತ್ತದೆ?

ಮೊದಲು ವಯಸ್ಸು. 1986ರ ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ತಿದ್ದುಪಡಿಯಾದ ನಂತರ 14 ವರ್ಷ ತುಂಬದ ಮಕ್ಕಳನ್ನು ಯಾವ ಕೆಲಸಕ್ಕೂ ಇಟ್ಟುಕೊಳ್ಳುವಂತಿಲ್ಲ. ಶಾಲೆಯ ಸಮಯದ ನಂತರ ಸ್ವಂತ ಕುಟುಂಬದ, ಅಪಾಯವಿಲ್ಲದ ಉದ್ಯಮದಲ್ಲಿ ನೆರವಾಗಲು ವಿನಾಯಿತಿ ಇದೆ. ಕಲಾವಿದ ಮಕ್ಕಳಿಗೂ ಷರತ್ತಿನ ವಿನಾಯಿತಿ ಇದೆ.

14ರಿಂದ 18 ವರ್ಷದೊಳಗಿನವರನ್ನು ಕಾನೂನು 'ಕಿಶೋರರು' ಎನ್ನುತ್ತದೆ. ಗಣಿ, ಸ್ಫೋಟಕ ಹಾಗೂ ಬೇಗ ಬೆಂಕಿ ಹಿಡಿಯುವ ವಸ್ತುಗಳ ಕೆಲಸ, ಅಪಾಯಕಾರಿ ಎಂದು ಪಟ್ಟಿ ಮಾಡಿದ ಪ್ರಕ್ರಿಯೆಗಳು ಇವರಿಗೆ ನಿಷಿದ್ಧ. ಉಳಿದ ಕೆಲಸಗಳಲ್ಲೂ ಮಿತಿ ಇದೆ. ಸತತ ಮೂರು ಗಂಟೆ ದುಡಿದರೆ ಕನಿಷ್ಠ ಒಂದು ಗಂಟೆ ವಿರಾಮ ಕೊಡಬೇಕು. ವಿರಾಮವೂ ಸೇರಿ ದಿನಕ್ಕೆ ಆರು ಗಂಟೆ ಮೀರಬಾರದು. ರಾತ್ರಿ 7ರಿಂದ ಬೆಳಿಗ್ಗೆ 8ರವರೆಗೆ ಕೆಲಸ ಮಾಡಿಸಬಾರದು, ಓವರ್‌ಟೈಮ್ ಇಲ್ಲ, ವಾರಕ್ಕೊಂದು ರಜೆ ಕಡ್ಡಾಯ. ನಿಷೇಧ ಮೀರಿ ಮಕ್ಕಳನ್ನು ದುಡಿಸಿದವರಿಗೆ 6 ತಿಂಗಳಿಂದ 2 ವರ್ಷದವರೆಗೆ ಜೈಲು, ಅಥವಾ 20 ಸಾವಿರದಿಂದ 50 ಸಾವಿರ ರೂಪಾಯಿ ದಂಡ, ಅಥವಾ ಎರಡೂ. ಹತ್ತನೇ ತರಗತಿ ಮುಗಿಸಿದ ಹುಡುಗನನ್ನು ಮದುವೆ ಹಾಲ್‌ನ ಕ್ಯಾಟರಿಂಗ್‌ಗೆ ರಾತ್ರಿ ಹನ್ನೊಂದರವರೆಗೆ ನಿಲ್ಲಿಸುವುದು ನಮಗೆ ಸಾಮಾನ್ಯ ಸಂಗತಿ. ಕಾನೂನಿಗೆ ಅದು ಅಪರಾಧ.

ಎರಡನೆಯದು ತರಬೇತಿ. ಕಾರ್ಖಾನೆಯ ಅಪಾಯಕಾರಿ ಯಂತ್ರದ ಬಳಿ ಎಳೆಯರನ್ನು ನಿಲ್ಲಿಸುವ ಮೊದಲು ಅದರ ಅಪಾಯ ಮತ್ತು ಎಚ್ಚರಿಕೆಗಳನ್ನು ಪೂರ್ತಿ ತಿಳಿಸಿರಬೇಕು, ಸಾಕಷ್ಟು ತರಬೇತಿ ಕೊಟ್ಟಿರಬೇಕು ಅಥವಾ ಬಲ್ಲವರ ನಿಗಾದಲ್ಲಿ ಇರಿಸಬೇಕು ಎಂದು 1948ರ ಕಾರ್ಖಾನೆ ಕಾಯ್ದೆಯೇ ಹೇಳಿತ್ತು. ಅಂದರೆ ಕಲಿಸುವುದು ಮಾಲಕರ ಔದಾರ್ಯವಲ್ಲ, ಅವರ ಹೊಣೆ. ಬೇರೆ ದೇಶಗಳು ಇನ್ನೂ ಮುಂದೆ ಹೋಗಿವೆ. ಅಮೆರಿಕದಲ್ಲಿ 18 ತುಂಬದವರು ಬೇಕರಿಯ ದೊಡ್ಡ ಹಿಟ್ಟು ಕಲಸುವ ಯಂತ್ರವನ್ನಾಗಲಿ ವಿದ್ಯುತ್ತಿನಿಂದ ನಡೆಯುವ ಮಾಂಸ ಕತ್ತರಿಸುವ ಯಂತ್ರವನ್ನಾಗಲಿ ನಡೆಸುವಂತೆಯೇ ಇಲ್ಲ.

ತರಬೇತಿ ಎಂದರೆ ಏನು?

ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಶೋಧನಾ ಸಂಸ್ಥೆ ನಿಯೋಶ್ ಪ್ರೌಢಶಾಲಾ ಮಕ್ಕಳಿಗಾಗಿ 'ಟಾಕಿಂಗ್ ಸೇಫ್ಟಿ' ಎಂಬ ಪಠ್ಯವನ್ನು ರೂಪಿಸಿದೆ. ಯಾವ ಶಾಲೆಯಾದರೂ ಉಚಿತವಾಗಿ ಬಳಸಬಹುದು. ಅದರ ತಿರುಳು ಇಷ್ಟು: ಅಪಾಯವನ್ನು ಗುರುತಿಸು, ಅದನ್ನು ತಡೆಯುವ ದಾರಿ ತಿಳಿ, ತುರ್ತಿನಲ್ಲಿ ಏನು ಮಾಡಬೇಕೆಂದು ಮೊದಲೇ ಗೊತ್ತಿರಲಿ, ನಿನ್ನ ಹಕ್ಕು ತಿಳಿದಿರಲಿ, ಬಾಯಿಬಿಟ್ಟು ಹೇಳು. ನಮ್ಮ ಅಂಗಡಿ, ಶೆಡ್‌ಗಳಿಗೂ ಇದು ಹೊಂದುತ್ತದೆ.

ಅಪಾಯವನ್ನು ತಡೆಯುವುದರಲ್ಲಿ ಒಂದು ಕ್ರಮವಿದೆ. ಮೊದಲು, ಸಾಧ್ಯವಾದರೆ ಅಪಾಯವನ್ನೇ ಇಲ್ಲವಾಗಿಸಬೇಕು. ಅದಾಗದಿದ್ದರೆ ಮನುಷ್ಯನಿಗೂ ಅಪಾಯಕ್ಕೂ ನಡುವೆ ತಡೆ ಇಡಬೇಕು. ನಂತರ ಕೆಲಸ ಮಾಡುವ ರೀತಿಗೆ ನಿಯಮ ಮಾಡಬೇಕು. ಕೈಗವಸು, ಕನ್ನಡಕ, ಹೆಲ್ಮೆಟ್ ಬರುವುದು ಕೊನೆಗೆ. ಬೇಕರಿಯ ಹಿಟ್ಟು ಕಲಸುವ ಯಂತ್ರವನ್ನೇ ನೋಡಿ. ತಿರುಗುವ ಭಾಗಕ್ಕೆ ಜಾಲರಿ ಇರುವುದು ತಡೆ. ಸ್ವಿಚ್ ಆಫ್ ಮಾಡಿ, ಪ್ಲಗ್ ಕಿತ್ತ ಮೇಲೆಯೇ ಕೈ ಹಾಕಬೇಕೆಂಬುದು ನಿಯಮ. ಇವೆರಡೂ ಇಲ್ಲದೆ "ಜಾಗ್ರತೆಯಿಂದ ಮಾಡು" ಎಂದು ಹೇಳಿದರೆ ಅದು ತರಬೇತಿ ಅಲ್ಲ.

ತಿಳಿದಿರಲೇಬೇಕಾದ ಐದು ಅಪಾಯಗಳು

ವಿದ್ಯುತ್: ನಮ್ಮ ಮನೆ, ಅಂಗಡಿಗಳಿಗೆ ಬರುವುದು 230 ವೋಲ್ಟ್. ದೇಹದೊಳಗೆ 10 ಮಿಲಿಆಂಪಿಯರ್ ಸುಮಾರು ಹರಿದರೆ ಹಿಡಿದ ಕೈಯನ್ನು ಬಿಡಿಸಿಕೊಳ್ಳುವುದೇ ಕಷ್ಟ. ಬೋರ್ಡ್‌ನಲ್ಲಿರುವ ಎಂಸಿಬಿ ನಮ್ಮನ್ನು ಕಾಯುತ್ತದೆ ಎಂದು ಹಲವರು ನಂಬಿದ್ದಾರೆ. ಅದು ಕಾಯುವುದು ವಯರನ್ನು. ಮನುಷ್ಯನನ್ನು ಕಾಯಲೆಂದು ಇರುವುದು 30 ಮಿಲಿಆಂಪಿಯರ್ ಸೋರಿಕೆಗೇ ಕರೆಂಟ್ ಕಡಿಯುವ ಆರ್‌ಸಿಸಿಬಿ. ಅದರ ಟೆಸ್ಟ್ ಬಟನ್ ಒತ್ತಿ ಆಗಾಗ ನೋಡಬೇಕು. ಪ್ಲಗ್ ಇಲ್ಲದೆ ವಯರಿನ ತುದಿಯನ್ನು ಸಾಕೆಟ್‌ಗೆ ಸಿಕ್ಕಿಸುವುದು, ಅರ್ಥ್ ಪಿನ್ ಕತ್ತರಿಸುವುದು, ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತು ಡ್ರಿಲ್ ಹಿಡಿಯುವುದು ಯಾವತ್ತೂ ಕೂಡದು.

ಗ್ರೈಂಡರ್: ನಾಲ್ಕು ಇಂಚಿನ ಆಂಗಲ್ ಗ್ರೈಂಡರ್ ನಿಮಿಷಕ್ಕೆ ಸುಮಾರು 11 ಸಾವಿರ ಸುತ್ತು ತಿರುಗುತ್ತದೆ. ಆ ವೇಗದಲ್ಲಿ ಡಿಸ್ಕ್ ಒಡೆದರೆ ಚೂರುಗಳು ಮುಖಕ್ಕೋ ಕುತ್ತಿಗೆಗೋ ನುಗ್ಗುತ್ತವೆ. ಅದಕ್ಕೇ ಗಾರ್ಡ್ ಇರುವುದು. ದೊಡ್ಡ ಡಿಸ್ಕ್ ಹಾಕಲೆಂದು ಗಾರ್ಡ್ ಬಿಚ್ಚುವವರು ಬಹಳ. ಡಿಸ್ಕ್‌ನ ಮೇಲೆ ಬರೆದಿರುವ ವೇಗ ಯಂತ್ರದ ವೇಗಕ್ಕಿಂತ ಕಡಿಮೆ ಇರಬಾರದು. ಸಡಿಲ ತೋಳು, ಕುತ್ತಿಗೆಯ ಶಾಲು ಬೇಡ, ಕನ್ನಡಕ ಬೇಕು.

ವೆಲ್ಡಿಂಗ್: ಬರಿಗಣ್ಣಲ್ಲಿ ಬೆಳಕು ನೋಡಿದರೆ ಆಗಲೇ ಏನೂ ಅನಿಸುವುದಿಲ್ಲ. ಕೆಲವು ಗಂಟೆಗಳ ನಂತರ, ಹೆಚ್ಚಾಗಿ ರಾತ್ರಿ, ಕಣ್ಣಿಗೆ ಮರಳು ಬಿದ್ದ ಹಾಗೆ ಉರಿ ಶುರುವಾಗುತ್ತದೆ. ಕಪ್ಪು ಕೂಲಿಂಗ್ ಗ್ಲಾಸ್ ಇದಕ್ಕೆ ಸಾಲದು, ವೆಲ್ಡಿಂಗ್ ಶೀಲ್ಡ್ ಬೇಕು. ಕಬ್ಬಿಣ ಹಿಡಿದು ನಿಲ್ಲುವ ಸಹಾಯಕನಿಗೂ ಬೇಕು. ಜಿ.ಐ. ಪೈಪ್ ವೆಲ್ಡ್ ಮಾಡುವಾಗ ಏಳುವ ಸತುವಿನ ಹೊಗೆ ಉಸಿರಾಡಿದರೆ ಸಂಜೆಗೆ ಚಳಿಜ್ವರ ಬರುತ್ತದೆ. ಆಮ್ಲಜನಕ ಸಿಲಿಂಡರಿನ ವಾಲ್ವ್‌ಗೆ ಎಣ್ಣೆ, ಗ್ರೀಸ್ ತಾಗಿದರೆ ಬೆಂಕಿ ಹತ್ತಬಹುದು. ಗ್ರೀಸಿನ ಕೈಯಲ್ಲಿ ಅದನ್ನು ತಿರುಗಿಸಬಾರದು.

ಏಣಿ: ನಾಲ್ಕು ಅಡಿ ಎತ್ತರಕ್ಕೆ ಒಂದು ಅಡಿಯಂತೆ ಬುಡವನ್ನು ಗೋಡೆಯಿಂದ ದೂರ ಇಡಬೇಕು. ಹನ್ನೆರಡು ಅಡಿ ಎತ್ತರದಲ್ಲಿ ಒರಗುವ ಏಣಿಗೆ ಮೂರು ಅಡಿ. ಅಲ್ಯೂಮಿನಿಯಂ ಏಣಿಯನ್ನು ವಿದ್ಯುತ್ ತಂತಿಯ ಹತ್ತಿರ ಒಯ್ಯಲೇಬಾರದು.

ತೊಟ್ಟಿ, ಗುಂಡಿ, ಟ್ಯಾಂಕ್: ಇದು ಎಲ್ಲಕ್ಕಿಂತ ಮೋಸದ್ದು. ಕೊಳೆತ ವಸ್ತುವಿನಿಂದ ಹೈಡ್ರೋಜನ್ ಸಲ್ಫೈಡ್ ಅನಿಲ ಹುಟ್ಟುತ್ತದೆ. ಸ್ವಲ್ಪ ಇದ್ದರೆ ಕೊಳೆತ ಮೊಟ್ಟೆಯ ವಾಸನೆ. ಪ್ರಮಾಣ ಹೆಚ್ಚಾದಾಗ ಮೂಗಿನ ಗ್ರಹಣಶಕ್ತಿಯೇ ಸತ್ತುಹೋಗಿ ವಾಸನೆ ತಿಳಿಯುವುದಿಲ್ಲ. ವಾಸನೆ ಹೋಯಿತೆಂದು ಇಳಿದವನು ಮೇಲೆ ಬರುವುದಿಲ್ಲ. 2022ರ ಏಪ್ರಿಲ್‌ನಲ್ಲಿ ಮಂಗಳೂರು ಹೊರವಲಯದ ಮೀನು ಸಂಸ್ಕರಣಾ ಘಟಕವೊಂದರ ತ್ಯಾಜ್ಯದ ತೊಟ್ಟಿಯಲ್ಲಿ ಪಶ್ಚಿಮ ಬಂಗಾಳದಿಂದ ದುಡಿಯಲು ಬಂದಿದ್ದ ಐವರು ಯುವಕರು ಸತ್ತರು. ಒಳಗೆ ಬಿದ್ದವನನ್ನು ಉಳಿಸಲು ಹೋದವರೂ ಅದರಲ್ಲಿ ಸೇರಿದ್ದರು. ಮಕ್ಕಳಿಗೆ ಇದನ್ನು ಹೇಳಿಕೊಡಲೇಬೇಕು: ಸ್ನೇಹಿತ ತೊಟ್ಟಿಯೊಳಗೆ ಕುಸಿದರೆ ಹಿಂದೆಯೇ ಇಳಿಯಬೇಡ. ಕೂಗಿ ಜನ ಸೇರಿಸು, 112ಕ್ಕೆ ಫೋನ್ ಮಾಡು. ಉಸಿರಾಟದ ಉಪಕರಣ ಇರುವವರೇ ಇಳಿಯಬೇಕು.

ಹೇಗೆ ಹೇಳಬೇಕು?

"ಇಲ್ಲ" ಎನ್ನುವುದಕ್ಕೂ ಅದಬ್ ಇದೆ. ಮಕ್ಕಳಿಗೆ ಮಾತುಗಳನ್ನೇ ಕಲಿಸಿಕೊಟ್ಟರೆ ಸಮಯಕ್ಕೆ ಬಾಯಿಗೆ ಬರುತ್ತವೆ.

"ಕಾಕ, ಈ ಮಿಷನ್ ನಾನು ಇದುವರೆಗೆ ಮುಟ್ಟಿಲ್ಲ. ಒಮ್ಮೆ ಮಾಡಿ ತೋರಿಸಿ. ಮತ್ತೆ ನೀವು ನೋಡ್ತಾ ಇರುವಾಗ ನಾನು ಮಾಡ್ತೇನೆ."

"ಅಣ್ಣ, ಇದರ ಗಾರ್ಡ್ ಬಿಚ್ಚಿದ್ದಾರೆ. ಹಾಕಿದ ಮೇಲೆ ಮಾಡುವ."

"ಮೇಸ್ತ್ರಿ, ಇಷ್ಟು ಎತ್ತರಕ್ಕೆ ಬೆಲ್ಟ್ ಇಲ್ಲದೆ ನನ್ನಿಂದ ಆಗುವುದಿಲ್ಲ. ಕೆಳಗಿನ ಕೆಲಸ ಏನಿದ್ದರೂ ಹೇಳಿ."

ಈ ಮಾತುಗಳಲ್ಲಿ ಅಗೌರವ ಇಲ್ಲ, ಕೆಲಸಗಳ್ಳತನವೂ ಇಲ್ಲ. ಇಷ್ಟು ಹೇಳಿದ ಮೇಲೂ ಒತ್ತಾಯ ಮಾಡಿದರೆ ಹುಡುಗ ಮನೆಗೆ ಬಂದು ಹೇಳಬೇಕು. ಆಗ ಹೆತ್ತವರು "ಎಲ್ಲರೂ ಮಾಡುವುದಿಲ್ಲವಾ?" ಎಂದು ಬಾಯಿ ಮುಚ್ಚಿಸಬಾರದು. ಒಮ್ಮೆ ಮುಚ್ಚಿದ ಬಾಯಿ ಇನ್ನೊಮ್ಮೆ ತೆರೆಯುವುದಿಲ್ಲ.

ಗಾಯವಾದರೆ

ಸುಟ್ಟ ಗಾಯಕ್ಕೆ 20 ನಿಮಿಷ ಹರಿಯುವ ತಣ್ಣೀರು. ಟೂತ್‌ಪೇಸ್ಟ್, ಶಾಯಿ, ಅರಿಶಿನ ಬೇಡ. ಶಾಕ್ ಹೊಡೆದು ಅಂಟಿಕೊಂಡವನನ್ನು ಮುಟ್ಟುವ ಮೊದಲು ಮೇನ್ ಆಫ್ ಮಾಡಬೇಕು. ಬೆರಳು ತುಂಡಾದರೆ ತುಂಡನ್ನು ಸ್ವಚ್ಛ ಒದ್ದೆ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಕಟ್ಟಿ, ಆ ಚೀಲವನ್ನು ಮಂಜುಗಡ್ಡೆಯ ಮೇಲಿಟ್ಟು ಆಸ್ಪತ್ರೆಗೆ ಒಯ್ಯಬೇಕು. ಮಂಜುಗಡ್ಡೆ ನೇರವಾಗಿ ತಾಗಬಾರದು. ಆಂಬ್ಯುಲೆನ್ಸ್ 108.

ಆಸ್ಪತ್ರೆಯಲ್ಲಿ "ಮನೆಯಲ್ಲಿ ಬಿದ್ದ" ಎಂದು ಬರೆಸುವ ಕೆಟ್ಟ ರೂಢಿ ಇದೆ. ಮಾಲಕರಿಗೆ ತೊಂದರೆ ಆಗದಿರಲಿ ಎಂಬ ದಾಕ್ಷಿಣ್ಯ. ಆದರೆ ಆ ಒಂದು ಸುಳ್ಳಿನಿಂದ ಪರಿಹಾರದ ದಾರಿಯೇ ಮುಚ್ಚಿಹೋಗಬಹುದು. 10 ಅಥವಾ ಹೆಚ್ಚು ಜನ ದುಡಿಯುವ ಸಂಸ್ಥೆಯಲ್ಲಿ ತಿಂಗಳಿಗೆ 21 ಸಾವಿರ ರೂಪಾಯಿವರೆಗೆ ಸಂಬಳ ಇರುವವರಿಗೆ ಇಎಸ್‌ಐ ಇದೆ. ಕಾರ್ಮಿಕನ ಪಾಲು ಸಂಬಳದ 0.75 ಶೇಕಡಾ, ಮಾಲಕರದು 3.25 ಶೇಕಡಾ. ಇಎಸ್‌ಐ ಇಲ್ಲದ ಕಡೆ ಕೆಲಸದ ವೇಳೆಯ ಅಪಘಾತಕ್ಕೆ ಮಾಲಕರೇ ಪರಿಹಾರ ಕೊಡಬೇಕೆಂಬ ಕಾನೂನು 1923ರಲ್ಲೇ ಬಂದಿದೆ. ಅದರಲ್ಲಿ ಕಾರ್ಮಿಕರು ತಿಳಿಯಬೇಕಾದ ಮಾತೂ ಒಂದಿದೆ. ಸುರಕ್ಷತೆಗಾಗಿ ಇಟ್ಟ ಗಾರ್ಡನ್ನು ತಾನೇ ಬೇಕೆಂದು ತೆಗೆದು ಗಾಯ ಮಾಡಿಕೊಂಡರೆ, ಸಾವು ಅಥವಾ ಸಂಪೂರ್ಣ ಶಾಶ್ವತ ಅಂಗವೈಕಲ್ಯ ಆಗದ ಹೊರತು, ಪರಿಹಾರ ತಪ್ಪಬಹುದು.

ನಾವು ಮಾಡಬಹುದಾದದ್ದು

ಮಾರ್ಚ್ 4 ರಾಷ್ಟ್ರೀಯ ಸುರಕ್ಷತಾ ದಿನ. 1966ರಲ್ಲಿ ಅದೇ ದಿನ ರಾಷ್ಟ್ರೀಯ ಸುರಕ್ಷತಾ ಮಂಡಳಿ ಸ್ಥಾಪನೆಯಾಯಿತು. ನಮ್ಮ ಮಕ್ಕಳು ಶಾಲೆ ಬಿಟ್ಟು ಕೆಲಸಕ್ಕೆ ಹೊರಡುವ ಹೊತ್ತೂ ಅದರ ಆಸುಪಾಸಿನದೇ. ಪರೀಕ್ಷೆ ಮುಗಿದ ವಾರದಲ್ಲಿ ಶಾಲೆಯಲ್ಲೋ ಜಮಾಅತ್ ಹಾಲ್‌ನಲ್ಲೋ ಎರಡು ಗಂಟೆ ಇದಕ್ಕಾಗಿ ಇಟ್ಟರೆ ಸಾಕು. ಲೈಸೆನ್ಸ್ ಇರುವ ಒಬ್ಬ ಎಲೆಕ್ಟ್ರಿಶಿಯನ್, ಅನುಭವಿ ವೆಲ್ಡರ್, ಪ್ರಥಮ ಚಿಕಿತ್ಸೆ ಬಲ್ಲ ಒಬ್ಬ ನರ್ಸ್ ನಮ್ಮಲ್ಲೇ ಇದ್ದಾರೆ. ಗ್ರೈಂಡರ್, ಪ್ಲಗ್, ಏಣಿಯನ್ನು ಎದುರಿಗಿಟ್ಟು ತೋರಿಸಲಿ, ಮಕ್ಕಳು ಕೈಯಿಂದ ಮಾಡಿ ನೋಡಲಿ. ಜಿಲ್ಲೆಯ ಕಾರ್ಖಾನೆ ಮತ್ತು ಬಾಯ್ಲರುಗಳ ಇಲಾಖೆಯ ಅಧಿಕಾರಿಗಳನ್ನೂ ಕರೆಯಬಹುದು. ಹೆಣ್ಣುಮಕ್ಕಳನ್ನು ಮರೆಯಬಾರದು. ಟೈಲರಿಂಗ್, ಗಾರ್ಮೆಂಟ್ಸ್, ಗೇರುಬೀಜದ ಕಾರ್ಖಾನೆಗಳಲ್ಲಿ ಅವರೂ ದುಡಿಯುತ್ತಾರೆ.

ಅಂಗಡಿ, ಶೆಡ್ ನಡೆಸುವ ಸಹೋದರರಿಗೆ ಒಂದು ಮಾತು. ತಂದೆಯೊಬ್ಬ ಮಗನನ್ನು ನಿಮ್ಮ ಬಳಿ ಬಿಟ್ಟು ಹೋಗುವಾಗ ಅಮಾನತ್ ಒಪ್ಪಿಸಿ ಹೋಗುತ್ತಾನೆ. ಮೊದಲ ವಾರ ಆ ಹುಡುಗನಿಗೆ ಯಂತ್ರ ಕೊಡಬೇಡಿ, ನೋಡಲು ಬಿಡಿ. ಎರಡನೇ ವಾರ ನಿಮ್ಮ ಕಣ್ಣೆದುರು ಮಾಡಲಿ. ಒಂದು ಜೊತೆ ಒಳ್ಳೆಯ ಕನ್ನಡಕ, ಒಂದು ಆರ್‌ಸಿಸಿಬಿಯ ಬೆಲೆ ಆಸ್ಪತ್ರೆಯ ಒಂದು ದಿನದ ಬಿಲ್ಲಿಗಿಂತ ಹೆಚ್ಚಾಗಲಾರದು.

ಹೆತ್ತವರಿಗೂ ಅಷ್ಟೇ. ಮೊದಲ ಸಂಬಳ ಎಷ್ಟು ಬಂತೆಂದು ತಿಂಗಳ ಕೊನೆಗೆ ಕೇಳುತ್ತೇವೆ. ಅದಕ್ಕಿಂತ ಮೊದಲು, ಮೊದಲ ದಿನ ಸಂಜೆಯೇ, ಊಟಕ್ಕೆ ಕೂತಾಗ ಕೇಳಿ: "ಇವತ್ತು ಯಾವ ಮಿಷನ್ ಮುಟ್ಟಿದೆ? ಯಾರು ಕಲಿಸಿದರು?"