ಇರುಳನ್ನು ಅಳೆಯುವ ಅವರೆ

ಹೋದ ವರ್ಷ ಆಷಾಢದಲ್ಲಿ ಮಹಡಿಯ ಮೇಲೆ ಎರಡು ಕುಂಡಗಳಲ್ಲಿ ಅವರೆ ಊರಿದ್ದೆ. ಎರಡಕ್ಕೂ ಊರಿನಿಂದ ತಂದ ನಾಟಿ ಬೀಜ, ಅದೇ ಕೊಟ್ಟಿಗೆ ಗೊಬ್ಬರ, ಅದೇ ನಲ್ಲಿಯ ನೀರು. ನೀರಿನ ತೊಟ್ಟಿಯ ಮರೆಯಲ್ಲಿದ್ದ ಗಿಡ ಕಾರ್ತಿಕದಲ್ಲಿ ಹೂ ಬಿಟ್ಟು, ಧನುರ್ಮಾಸಕ್ಕೆ ಎರಡು ಹೊತ್ತಿನ ಸಾರಿಗಾಗುವಷ್ಟು ಕಾಯಿ ಕೊಟ್ಟಿತು. ಬೀದಿಯ ಕಡೆಗಿದ್ದದ್ದು ಮಾತ್ರ ಸಂಕ್ರಾಂತಿ ಬಂದರೂ ಬರೀ ಎಲೆ, ಬರೀ ಕುಡಿ. 'ಗೊಬ್ಬರ ತಿಂದು ಸೊಕ್ಕಿದೆ' ಎಂದರು ಅಮ್ಮ. ನಾನೂ ಹಾಗೇ ಅಂದುಕೊಂಡಿದ್ದೆ. ಆಮೇಲೆ ಒಂದು ರಾತ್ರಿ ಮಹಡಿಗೆ ಹೋದಾಗ ಕಣ್ಣಿಗೆ ಬಿತ್ತು: ಎದುರಿನ ಕಂಬದ ಬಿಳಿ ದೀಪ ನೇರ ಆ ಗಿಡದ ಮೇಲೇ ಬೀಳುತ್ತಿತ್ತು, ಬೆಳಗಿನ ತನಕ.

ಚಳಿ ಬಿದ್ದರೆ ಅವರೆ ಹೂ ಬಿಡುತ್ತದೆ ಎನ್ನುವುದು ವಾಡಿಕೆಯ ಮಾತು. ನಾಟಿ ಅವರೆ ಮುಖ್ಯವಾಗಿ ಕಾಯುವುದು ಚಳಿಗಲ್ಲ, ಉದ್ದನೆಯ ಇರುಳಿಗೆ. ಬೆಂಗಳೂರಿನಲ್ಲಿ ಜೂನ್ ಕೊನೆಯ ಹಗಲು ಸುಮಾರು 12 ಗಂಟೆ 50 ನಿಮಿಷ. ಡಿಸೆಂಬರಿನದು ಸುಮಾರು 11 ಗಂಟೆ 20 ನಿಮಿಷ. ನಮಗೆ ಗೊತ್ತೇ ಆಗದ ಈ ಒಂದೂವರೆ ಗಂಟೆಯ ಅಂತರ ಗಿಡಕ್ಕೆ ಗೊತ್ತಾಗುತ್ತದೆ. ಅದಕ್ಕೇ ತಿಂಗಳು ಮುಂಚೆ ಬಿತ್ತಿದ್ದೂ ತಿಂಗಳು ತಡವಾಗಿ ಬಿತ್ತಿದ್ದೂ ಹೆಚ್ಚುಕಡಿಮೆ ಒಟ್ಟೊಟ್ಟಿಗೇ ಹೂವಾಗುತ್ತವೆ.

ಗಿಡಗಳ ಈ ಲೆಕ್ಕಾಚಾರ ಬೆಳಕಿಗೆ ಬಂದದ್ದು ತಂಬಾಕಿನಿಂದ. ಮೇರಿಲ್ಯಾಂಡ್ ಮ್ಯಾಮತ್ ಎಂಬ ತಳಿ ಬೇಸಿಗೆಯಲ್ಲಿ ಆಳೆತ್ತರ ಬೆಳೆದರೂ ಹೂ ಬಿಡುತ್ತಿರಲಿಲ್ಲ. ಅಮೆರಿಕದ ಕೃಷಿ ಇಲಾಖೆಯ ಗಾರ್ನರ್ ಮತ್ತು ಅಲ್ಲಾರ್ಡ್ ಅದನ್ನು ದಿನವೂ ಹೊತ್ತಿಗೆ ಮುಂಚೆ ಕತ್ತಲೆಯ ಕೋಣೆಗೆ ಸರಿಸಿದರು. ಬೇಸಿಗೆಯಲ್ಲೇ ಹೂ ಬಂತು. ಅವರ ವರದಿ ಅಚ್ಚಾದದ್ದು 1920ರಲ್ಲಿ. 1938ರಲ್ಲಿ ಹ್ಯಾಮ್ನರ್ ಮತ್ತು ಬಾನರ್ ಮುಳ್ಳುಕಾಯಿಯ ಕಳೆಗಿಡವೊಂದನ್ನು ಇಟ್ಟುಕೊಂಡು ಇನ್ನೂ ಸ್ವಾರಸ್ಯದ ಸಂಗತಿ ತೋರಿಸಿದರು. ನಟ್ಟಿರುಳಿನಲ್ಲಿ ಕೆಲವೇ ನಿಮಿಷ ದೀಪ ಹಾಕಿದರೂ ಸಾಕು, ಗಿಡ ಹೂ ಬಿಡದು. ಹಗಲಿನ ನಡುವೆ ಕತ್ತಲು ಮಾಡಿದರೆ ಅದಕ್ಕೇನೂ ಲೆಕ್ಕವಿಲ್ಲ. ಅಂದರೆ ಗಿಡ ಅಳೆಯುವುದು ಹಗಲನ್ನಲ್ಲ, ತುಂಡಾಗದ ಕತ್ತಲನ್ನು. ಎಲೆಯಲ್ಲಿರುವ ಫೈಟೋಕ್ರೋಮ್ ಎಂಬ ವರ್ಣದ್ರವ್ಯ ಬೆಳಕು ಕಂಡೊಡನೆ ರೂಪ ಬದಲಿಸಿ ಸುದ್ದಿ ಮುಟ್ಟಿಸುತ್ತದೆ. ಕತ್ತಲು ಸಾಕಷ್ಟು ಉದ್ದವಾಗಿದ್ದರೆ ಎಲೆಯಿಂದ ಕುಡಿಗೆ ಹೂವಿನ ಸಂದೇಶ ಹೋಗುತ್ತದೆ. ಬೀದಿದೀಪದ ಕೆಳಗಿನ ಸೋಯಾ ಗಿಡಗಳು ಹೊಲದ ಉಳಿದ ಗಿಡಗಳೆಲ್ಲ ಒಣಗಿ ನಿಂತ ಮೇಲೂ ಹಸಿರಾಗೇ ಇರುವುದು ಇದರಿಂದಲೇ.

ನಮ್ಮ ರೈತರು ಫೈಟೋಕ್ರೋಮಿನ ಹೆಸರು ಕೇಳದೆಯೇ ಈ ಗಡಿಯಾರಕ್ಕೆ ತಕ್ಕ ಹಾಗೆ ಹೊಲ ಹೂಡಿದವರು. ರಾಗಿಯ ನಡುವೆ ಅಕ್ಕಡಿ ಸಾಲಿನಲ್ಲಿ ಬಿದ್ದ ಅವರೆ ಮಳೆಗಾಲವಿಡೀ ತಗ್ಗಿಕೊಂಡಿರುತ್ತದೆ. ಬೇರಿನ ಗಂಟುಗಳಲ್ಲಿರುವ ಬ್ಯಾಕ್ಟೀರಿಯಾ ಗಾಳಿಯ ಸಾರಜನಕ ಹಿಡಿದು ಕೊಡುವುದರಿಂದ ಆ ಗೊಬ್ಬರಕ್ಕಾಗಿ ರಾಗಿಯ ಜೊತೆ ಜಗಳವೂ ಕಡಿಮೆ. ರಾಗಿ ಕೊಯ್ದ ಮೇಲೆ ಹೊಲ ಅವರೆಯದೇ.

ಈಗ ಜೂನಿನಲ್ಲೂ ಅವರೆಕಾಯಿ ಸಿಗುತ್ತದಲ್ಲ ಎನ್ನಬಹುದು. ಹೆಬ್ಬಾಳದ ಕೃಷಿ ವಿಶ್ವವಿದ್ಯಾಲಯ ಕೊಟ್ಟ ಹೆಬ್ಬಾಳ ಅವರೆ 3, ಹೆಬ್ಬಾಳ ಅವರೆ 4ರಂಥ ತಳಿಗಳು ಇರುಳಿನ ಉದ್ದಕ್ಕೆ ಕಾಯುವುದಿಲ್ಲ. ಯಾವಾಗ ಬಿತ್ತಿದರೂ ಕಾಯಿ ಕೊಡುತ್ತವೆ. ಬೆಳೆಯುವವನ ಕೈಗೆ ವರ್ಷವಿಡೀ ಕಾಸು ಬರುತ್ತದೆ, ಅದನ್ನು ಹಳಿಯಲಾರೆ. ಆದರೆ ಸೊಗಡಿನ ವಿಷಯದಲ್ಲಿ ನನ್ನ ನಾಲಿಗೆ ಈಗಲೂ ಮಾಗಡಿಯ ಕಡೆಯ ಡಿಸೆಂಬರಿನ ಕಾಯಿಯ ಪಕ್ಷ.

ಆ ಸೊಗಡು ಇರುವುದು ಕಾಳಿನಲ್ಲಲ್ಲ, ಸಿಪ್ಪೆಯ ಮೇಲಿನ ಜಿಗುಟು ಎಣ್ಣೆಯಲ್ಲಿ. ಅದರಲ್ಲಿ ಮುಖ್ಯವಾಗಿ ಡೋಡೆಸಿನಾಯಿಕ್, ಟೆಟ್ರಾಡೆಸಿನಾಯಿಕ್ ಎಂಬ ಕೊಬ್ಬಿನ ಆಮ್ಲಗಳಿವೆ. ಕೊತ್ತಂಬರಿ ಸೊಪ್ಪಿನ ಘಮದ ಒಂದು ಮುಖ್ಯ ಅಂಶ ಇವುಗಳ ಹತ್ತಿರದ ನೆಂಟ. ಹಾಗಾಗಿ ಕೊಳ್ಳುವಾಗ ಕಣ್ಣಿಗಿಂತ ಬೆರಳನ್ನು ನಂಬಿ. ಹಿಡಿ ಕಾಯಿ ಮುಟ್ಟಿದರೆ ಕೈ ಅಂಟಂಟಾಗಬೇಕು, ಮೂಸಿದರೆ ಘಮ್ಮೆನ್ನಬೇಕು. ಸುಲಿದು ಸೇರಿನಲ್ಲಿ ಅಳೆದು ಮಾರುವ ಕಾಳು ಸಮಯ ಉಳಿಸುತ್ತದೆ ನಿಜ, ಆದರೆ ಸುಲಿಯುವ ಕೈಯಿಂದ ಕಾಳಿಗೆ ದಾಟಬೇಕಾದ ಎಣ್ಣೆ ಬೇರೆ ಯಾರದೋ ಕೈಯಲ್ಲೇ ಉಳಿದಿರುತ್ತದೆ. ಹುಳುವಿಗಾಗಿ ಔಷಧಿ ಹೊಡೆದಿರುತ್ತಾರೆ, ಆದ್ದರಿಂದ ಕಾಯನ್ನು ತೊಳೆಯಲೇಬೇಕು. ಹೆದರಬೇಡಿ, ಎಣ್ಣೆ ನೀರಿನಲ್ಲಿ ಕರಗುವುದಿಲ್ಲ. ತಣ್ಣೀರಿನಲ್ಲಿ ಬೇಗ ಜಾಲಿಸಿದರೆ ಸೊಗಡು ಪೂರಾ ಹೋಗದು.

ತಂದ ದಿನವೇ ಸುಲಿಯಿರಿ. ಕಿತ್ತ ಮೇಲೂ ಕಾಯಿ ಉಸಿರಾಡುತ್ತಲೇ ಇರುತ್ತದೆ. ಕೂಡಿಟ್ಟ ಸಕ್ಕರೆಯಲ್ಲಿ ಒಂದಿಷ್ಟು ಸುಟ್ಟುಹೋಗುತ್ತದೆ, ಒಂದಿಷ್ಟು ಪಿಷ್ಟವಾಗುತ್ತದೆ. ಚೀಲದಲ್ಲಿ ತುಂಬಿ ಕಟ್ಟಿಟ್ಟ ಕಾಯಿಗೆ ಕೈ ಹಾಕಿದರೆ ಬಿಸಿ ತಾಗುವುದು ಆ ಉಸಿರಿನದು.

ಇನ್ನು ಹಿದುಕಿದ ಬೇಳೆ. ನೆನೆದ ಕಾಳು ಉಬ್ಬಿ, ಸಿಪ್ಪೆ ಸಡಿಲವಾಗಿ, ಹೆಬ್ಬೆರಳು ಒತ್ತಿದರೆ ಬೇಳೆ ಪುಳಕ್ಕನೆ ಹೊರಬರುತ್ತದೆ. ಸಿಪ್ಪೆಯ ಜೊತೆ ಅದರಲ್ಲಿನ ಒಗರು ಟ್ಯಾನಿನ್ ಕೂಡ ಹೋಗುತ್ತದೆ, ಸಾರು ನಯವಾಗುತ್ತದೆ. ಹುಣಸೆಹುಳಿಯನ್ನು ಬೇಳೆ ಮೆತ್ತಗಾದ ಮೇಲೆಯೇ ಹಾಕಿ; ಹುಳಿ ಮೊದಲೇ ಬಿದ್ದರೆ ಕೋಶಗಳನ್ನು ಅಂಟಿಸಿಟ್ಟ ಪೆಕ್ಟಿನ್ ಕರಗದೆ ಬೇಳೆ ಗಟ್ಟಿಯಾಗೇ ಉಳಿಯುತ್ತದೆ. ಕೊಳವೆಬಾವಿಯ ಗಡಸು ನೀರಿನ ಕ್ಯಾಲ್ಸಿಯಂ ಮಾಡುವುದೂ ಇದೇ ಉಪದ್ರವ. ಒಣ ಅವರೆಯಾದರೆ ರಾತ್ರಿ ನೆನೆಸಿ, ಆ ನೀರು ಚೆಲ್ಲಿ, ಚೆನ್ನಾಗಿ ಬೇಯಿಸಿಯೇ ತಿನ್ನಬೇಕು. ಬಲಿತ ಕಾಳಿನಲ್ಲಿ ಜೀರ್ಣಕ್ರಿಯೆಗೆ ಅಡ್ಡಬರುವ ಪ್ರೋಟೀನುಗಳೂ, ಅಲ್ಪ ಪ್ರಮಾಣದಲ್ಲಿ ಸಯನೈಡು ಬಿಡುವ ವಸ್ತುವೂ ಇವೆ.

ಈ ಸಲ ಆಷಾಢದಲ್ಲಿ ಬೀಜ ಊರುವ ಮುಂಚೆ ರಾತ್ರಿ ಹತ್ತರ ಹೊತ್ತಿಗೊಮ್ಮೆ ಮಹಡಿ ಹತ್ತಿ ನೋಡಿ. ಅಂಗೈಯ ಗೆರೆ ಕಾಣದಷ್ಟು ಕತ್ತಲಿರುವ ಮೂಲೆ ಯಾವುದೋ, ಕುಂಡವನ್ನು ಅಲ್ಲಿಡಿ.