ಅಟ್ಟದಿಂದ ಸೋರುವ ಬಿಸಿ ಮತ್ತು ತೆರಿಗೆಯ ಲೆಕ್ಕ

ಅಮೆರಿಕದ ಮನೆಗಳು ವರ್ಷವಿಡೀ ಬಳಸುವ ಒಟ್ಟು ಶಕ್ತಿಯಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಪಾಲು ಕೋಣೆಗಳನ್ನು ಚಳಿಗಾಲದಲ್ಲಿ ಬೆಚ್ಚಗೆ, ಬೇಸಿಗೆಯಲ್ಲಿ ತಂಪಾಗಿ ಇಡುವುದಕ್ಕೇ ವ್ಯಯವಾಗುತ್ತದೆ. ಕರ್ನಾಟಕದಲ್ಲಿ ಮನೆಯೊಳಗೆ ಚೆನ್ನಾಗಿ ಗಾಳಿಯಾಡುವುದು ಮನೆಯ ಗುಣವೆಂದು ಎಣಿಕೆಯಾದರೆ, ಉಷ್ಣಾಂಶ ಸೊನ್ನೆಗಿಂತ ಬಹಳ ಕೆಳಗಿಳಿಯುವ ಮಿನೆಸೋಟ ಅಥವಾ ಮಿಷಿಗನ್‌ನಂಥ ರಾಜ್ಯಗಳಲ್ಲಿ ಗೊತ್ತುಗುರಿಯಿಲ್ಲದೆ ಗಾಳಿಯಾಡುವ ಮನೆಯೆಂದರೆ ದುಡ್ಡು ಸೋರುವ ಮನೆಯೆಂದೇ ಅರ್ಥ. ಆ ಸೋರಿಕೆಯನ್ನು ತಡೆಯಲು ಮನೆಯ ಒಡೆಯ ಮಾಡುವ ಖರ್ಚಿನ ಒಂದು ಭಾಗವನ್ನು ಸರ್ಕಾರವೇ ತೆರಿಗೆಯ ಮೂಲಕ ಭರಿಸುವ ಏರ್ಪಾಡು ಆ ದೇಶದಲ್ಲಿ ಹಲವು ದಶಕಗಳಿಂದ ಬಿಟ್ಟುಬಿಟ್ಟು ನಡೆದುಕೊಂಡು ಬಂದಿತು. ಆ ಏರ್ಪಾಡಿನ ಇತ್ತೀಚಿನ ಮತ್ತು ಅತ್ಯಂತ ಉದಾರವಾದ ರೂಪವು 2025ರ ಡಿಸೆಂಬರ್ 31ಕ್ಕೆ ಮುಗಿದಿದ್ದು, ಅದು ಯಾರಿಗೆ ಹೇಗೆ ದಕ್ಕಿತು, ಯಾರಿಗೆ ದಕ್ಕಲಿಲ್ಲ ಎಂಬುದನ್ನು ನೋಡುವುದಕ್ಕೆ ಇದು ತಕ್ಕ ಸಮಯ.

ಮೊದಲು ಸೋರಿಕೆಯ ಸ್ವರೂಪವನ್ನು ತಿಳಿಯಬೇಕು. ಅಮೆರಿಕದ ಬಹುಪಾಲು ಮನೆಗಳು ಮರದ ಚೌಕಟ್ಟಿನವು. ಗೋಡೆಯೆಂದರೆ ಮರದ ಕಂಬಗಳ ಒಳಬದಿಗೆ ಜಿಪ್ಸಂ ಹಲಗೆಯನ್ನೂ ಹೊರಬದಿಗೆ ಬೇರೆ ಹೊದಿಕೆಯನ್ನೂ ಹೊಡೆದು, ನಡುವಿನ ಪೊಳ್ಳಿನಲ್ಲಿ ಗಾಜಿನ ನಾರಿನಂಥ ಉಷ್ಣನಿರೋಧಕವನ್ನು, ಅಂದರೆ ಇನ್ಸುಲೇಷನ್ನನ್ನು, ತುಂಬಿದ ರಚನೆ. ಬಿಸಿಗಾಳಿ ಹಗುರವಾದ್ದರಿಂದ ಮೇಲಕ್ಕೇರಿ, ಅಟ್ಟದ ಬಾಗಿಲಿನ ಅಂಚು, ಛಾವಣಿಯಲ್ಲಿ ಹುದುಗಿಸಿದ ದೀಪಗಳ ಸುತ್ತಲಿನ ಕಿಂಡಿ, ಕೊಳವೆ ಮತ್ತು ವೈರುಗಳು ಹಾದುಹೋಗುವ ರಂಧ್ರಗಳ ಮೂಲಕ ಹೊರಗೆ ನುಸುಳುತ್ತದೆ. ಅದು ಹೋದಷ್ಟೇ ಪ್ರಮಾಣದ ತಣ್ಣನೆಯ ಗಾಳಿಯನ್ನು ಮನೆಯು ತಳಪಾಯದ ಸಂದುಗಳಿಂದ ಒಳಗೆ ಎಳೆದುಕೊಳ್ಳುತ್ತದೆ. ಹೀಗೆ ಇಡೀ ಮನೆಯೇ ಒಂದು ಹೊಗೆಗೂಡಿನಂತೆ ವರ್ತಿಸುವುದರಿಂದ, ಕಿಟಕಿಯ ಪಕ್ಕದ ಚಳಿಯೊಂದೇ ಮನೆಯವರ ಅನುಭವಕ್ಕೆ ಬರುತ್ತದೆಯೇ ಹೊರತು ನಿಜವಾದ ನಷ್ಟ ನಡೆಯುವ ಅಟ್ಟದ ಕಡೆಗೆ ಅವರ ಗಮನ ಹೋಗುವುದಿಲ್ಲ.

ಆ ಜಾಗಗಳನ್ನು ಪತ್ತೆಹಚ್ಚುವ ವಿಧಾನವೇ ಎನರ್ಜಿ ಆಡಿಟ್, ಅಂದರೆ ಮನೆಯ ಶಕ್ತಿ ತಪಾಸಣೆ. ತರಬೇತಿ ಪಡೆದ ತಪಾಸಕರು ಮನೆಯ ಕಿಟಕಿ ಬಾಗಿಲುಗಳನ್ನೆಲ್ಲ ಮುಚ್ಚಿಸಿ, ಮುಂಬಾಗಿಲಿನ ಚೌಕಟ್ಟಿಗೆ ದಪ್ಪ ಬಟ್ಟೆಯ ಪರದೆಯೊಂದನ್ನು ಬಿಗಿದು, ಅದರ ಕೆಳಭಾಗದ ತೂತಿಗೆ ದೊಡ್ಡ ಫ್ಯಾನೊಂದನ್ನು ಕೂರಿಸಿ ಒಳಗಿನ ಗಾಳಿಯನ್ನು ಹೊರಕ್ಕೆ ಸೆಳೆಯುತ್ತಾರೆ. ಒಳಗಿನ ಒತ್ತಡ ಹೊರಗಿನದಕ್ಕಿಂತ 50 ಪ್ಯಾಸ್ಕಲ್‌ನಷ್ಟು ಇಳಿದಾಗ ಹೊರಗಾಳಿಯು ಪ್ರತಿಯೊಂದು ಸಂದಿನಿಂದಲೂ ಒಳನುಗ್ಗತೊಡಗುತ್ತದೆ. ಆಗ ಸಣ್ಣ ಹೊಗೆಕಡ್ಡಿಯೊಂದನ್ನು ಸ್ವಿಚ್ಚಿನ ಪೆಟ್ಟಿಗೆಯ ಬಳಿಯೋ ಅಟ್ಟದ ಮುಚ್ಚಳದ ಅಂಚಿಗೋ ಹಿಡಿದರೆ, ನೆಟ್ಟಗೆ ಏಳುತ್ತಿದ್ದ ಹೊಗೆಯ ಎಳೆ ಪಕ್ಕಕ್ಕೆ ಬಾಗಿ ಚದುರುತ್ತದೆ. ಕಣ್ಣಿಗೆ ಕಾಣದ ಸೋರಿಕೆಯನ್ನು ಮನೆಯವರ ಎದುರಿಗೇ ತೋರಿಸುವ ಈ ಪರೀಕ್ಷೆಗೆ ಬ್ಲೋವರ್ ಡೋರ್ ಪರೀಕ್ಷೆಯೆಂದು ಹೆಸರು.

ಇಂಥ ದುರಸ್ತಿಗೆ ತೆರಿಗೆಯ ನೆರವು ಕೊಡುವ ಆಲೋಚನೆ 1970ರ ದಶಕದ ತೈಲ ಬಿಕ್ಕಟ್ಟಿನಲ್ಲಿ ಹುಟ್ಟಿತು. ಅಧ್ಯಕ್ಷ ಜಿಮ್ಮಿ ಕಾರ್ಟರ್ ಅವರ ಕಾಲದ 1978ರ ಶಕ್ತಿ ತೆರಿಗೆ ಕಾಯ್ದೆಯು ಇನ್ಸುಲೇಷನ್ ಮೊದಲಾದವಕ್ಕೆ ಮಾಡಿದ ಮೊದಲ 2,000 ಡಾಲರ್ ಖರ್ಚಿನ ಶೇ. 15ರಷ್ಟನ್ನು, ಅಂದರೆ ಗರಿಷ್ಠ 300 ಡಾಲರನ್ನು, ತೆರಿಗೆಯಲ್ಲಿ ಬಿಟ್ಟುಕೊಟ್ಟಿತು. 1979ರಲ್ಲಿ ಶ್ವೇತಭವನದ ಛಾವಣಿಯ ಮೇಲೆ ನೀರು ಕಾಯಿಸುವ 32 ಸೌರ ಫಲಕಗಳನ್ನು ಕೂರಿಸಲಾಯಿತು. 1985ರ ಕೊನೆಗೆ ಆ ತೆರಿಗೆ ಸೌಲಭ್ಯ ಮುಗಿಯಿತು, 1986ರಲ್ಲಿ ಆ ಫಲಕಗಳೂ ಛಾವಣಿಯಿಂದ ಕೆಳಗಿಳಿದವು. ಎರಡು ದಶಕಗಳ ನಂತರ, 2005ರ ಶಕ್ತಿ ನೀತಿ ಕಾಯ್ದೆಯು ತೆರಿಗೆ ಸಂಹಿತೆಗೆ 25ಸಿ ಮತ್ತು 25ಡಿ ಎಂಬ ಎರಡು ಸೆಕ್ಷನ್‌ಗಳನ್ನು ಸೇರಿಸಿತು. ಮೊದಲನೆಯದು ಇರುವ ಮನೆಯ ಸುಧಾರಣೆಗೆ, ಎರಡನೆಯದು ಸೌರ ಫಲಕದಂಥ ಉತ್ಪಾದನಾ ಸಾಧನಗಳಿಗೆ. 25ಸಿ 2008ರಲ್ಲಿ ಒಂದು ವರ್ಷ ಇಲ್ಲವಾಯಿತು, 2009ರಲ್ಲಿ ಶೇ. 30ಕ್ಕೆ ಏರಿತು, 2011ರಿಂದ ಮತ್ತೆ ಶೇ. 10ಕ್ಕೆ ಮತ್ತು ಜೀವಮಾನಕ್ಕೆಲ್ಲ ಸೇರಿ 500 ಡಾಲರ್ ಮಿತಿಗೆ ಇಳಿಯಿತು. ಮನೆಯ ದುರಸ್ತಿಯನ್ನು ವರ್ಷಗಳ ಮುಂಚೆಯೇ ಯೋಜಿಸಬೇಕಾದವರಿಗೆ ಈ ಏರಿಳಿತಕ್ಕಿಂತ ದೊಡ್ಡ ಅಡ್ಡಿ ಬೇರೊಂದಿರಲಿಲ್ಲ.

ಈ ನೆರವಿನ ರೂಪವಾದ ಟ್ಯಾಕ್ಸ್ ಕ್ರೆಡಿಟ್ ಎಂದರೇನು ಎಂಬುದನ್ನು ಭಾರತದ ಆದಾಯ ತೆರಿಗೆಯ ಪರಿಚಯವಿರುವವರು ಸುಲಭವಾಗಿ ಗ್ರಹಿಸಬಹುದು. ಹಳೆಯ ತೆರಿಗೆ ಪದ್ಧತಿಯಲ್ಲಿ 80ಸಿ ಅಡಿ ಜೀವವಿಮೆಗೋ ಭವಿಷ್ಯನಿಧಿಗೋ ಕಟ್ಟಿದ ಹಣವು ಆದಾಯದಿಂದ ಕಳೆಯುವ ಮೊತ್ತ, ಅಂದರೆ ಡಿಡಕ್ಷನ್, ಶೇ. 20ರ ಹಂತದಲ್ಲಿರುವವರು ನೂರು ರೂಪಾಯಿ ಕಟ್ಟಿದರೆ ಉಳಿಯುವುದು ಇಪ್ಪತ್ತು ರೂಪಾಯಿ ಮಾತ್ರ. 87ಎ ರಿಯಾಯಿತಿಯಾದರೋ ಲೆಕ್ಕ ಹಾಕಿ ಬಂದ ತೆರಿಗೆಯಿಂದಲೇ ನೇರವಾಗಿ ಕಳೆಯುವಂಥದು. ಟ್ಯಾಕ್ಸ್ ಕ್ರೆಡಿಟ್ ಈ ಎರಡನೆಯ ಜಾತಿಗೆ ಸೇರಿದ್ದು. ಸಾವಿರ ಡಾಲರ್ ಕ್ರೆಡಿಟ್ ಎಂದರೆ ತೆರಿಗೆಯಲ್ಲಿ ಪೂರ್ತಿ ಸಾವಿರ ಡಾಲರ್ ಕಡಿಮೆ.

ಅಧ್ಯಕ್ಷ ಜೋ ಬೈಡನ್ 2022ರ ಆಗಸ್ಟ್ 16ರಂದು ಸಹಿ ಹಾಕಿದ ಹಣದುಬ್ಬರ ತಗ್ಗಿಸುವ ಕಾಯ್ದೆಯು 25ಸಿ ಸೆಕ್ಷನ್ನಿಗೆ ಹೊಸ ಜೀವ ಕೊಟ್ಟಿತು. 2023ರ ಜನವರಿಯಿಂದ ಖರ್ಚಿನ ಶೇ. 30ರಷ್ಟು ಕ್ರೆಡಿಟ್ ದೊರೆಯತೊಡಗಿದ್ದಲ್ಲದೆ, ಜೀವಮಾನದ ಮಿತಿ ಹೋಗಿ ವರ್ಷದ ಮಿತಿ ಬಂದಿತು: ಇನ್ಸುಲೇಷನ್, ಕಿಟಕಿ, ಬಾಗಿಲು, ವಿದ್ಯುತ್ ಪ್ಯಾನಲ್ ಮುಂತಾದವಕ್ಕೆಲ್ಲ ಸೇರಿ ವರ್ಷಕ್ಕೆ 1,200 ಡಾಲರ್, ಹೀಟ್ ಪಂಪ್‌ಗಳಿಗೆ ಪ್ರತ್ಯೇಕವಾಗಿ 2,000 ಡಾಲರ್, ಒಟ್ಟು 3,200. ಒಳಗಡೆ ಇನ್ನೂ ಚಿಕ್ಕ ಮಿತಿಗಳಿದ್ದವು. ಕಿಟಕಿಗಳಿಗೆಲ್ಲ ಸೇರಿ 600, ಒಂದು ಹೊರಬಾಗಿಲಿಗೆ 250 ಮತ್ತು ಎಲ್ಲ ಹೊರಬಾಗಿಲುಗಳಿಗೆ 500, ತಪಾಸಣೆಗೆ 150. ಮಿತಿಯು ವರ್ಷದ್ದಾದ್ದರಿಂದ, ಕಿಟಕಿಗಳನ್ನು ಒಂದು ವರ್ಷ, ಅಟ್ಟವನ್ನು ಮರುವರ್ಷ, ಹೀಟ್ ಪಂಪನ್ನು ಅದರ ಮುಂದಿನ ವರ್ಷ ಎಂದು ಕೆಲಸವನ್ನು ಹಂಚಿಕೊಂಡವರಿಗೆ ಒಂದೇ ವರ್ಷದಲ್ಲಿ ಎಲ್ಲವನ್ನೂ ಮುಗಿಸಿದವರಿಗಿಂತ ಹೆಚ್ಚು ಹಣ ಉಳಿಯಿತು. ಈ ಸೆಕ್ಷನ್ನಿನಲ್ಲಿ ಪೌರತ್ವದ ಷರತ್ತು ಇಲ್ಲದಿದ್ದ ಕಾರಣ, ಉದ್ಯೋಗ ವೀಸಾದ ಮೇಲೆ ಹೋಗಿ ಅಲ್ಲಿ ಮನೆ ಕೊಂಡು, ವಾಸವಿದ್ದು, ತೆರಿಗೆ ಕಟ್ಟುತ್ತಿರುವ ಕನ್ನಡಿಗ ಕುಟುಂಬಗಳಿಗೂ ಇದು ಅನ್ವಯಿಸಿತು. ಆದರೆ ಪೂರ್ತಿಯಾಗಿ ಬಾಡಿಗೆಗೆ ಕೊಟ್ಟ ಮನೆಗೆ ಮಾಡಿದ ಖರ್ಚಿಗೆ ಒಡೆಯರು ಇದನ್ನು ಕೇಳುವಂತಿರಲಿಲ್ಲ, ಹೊಸದಾಗಿ ಕಟ್ಟುವ ಮನೆಗೂ ಇದು ಸಲ್ಲುತ್ತಿರಲಿಲ್ಲ.

ಕಾಯ್ದೆಯು ಅತಿ ಹೆಚ್ಚು ಪ್ರೋತ್ಸಾಹಿಸಿದ ಹೀಟ್ ಪಂಪ್ ಎಂಬುದು ಹೆಸರು ಕೇಳಿದಷ್ಟು ಅಪರಿಚಿತ ಯಂತ್ರವಲ್ಲ. ಫ್ರಿಜ್ಜು ತನ್ನ ಒಳಗಿನ ಶಾಖವನ್ನು ಹೀರಿ ಬೆನ್ನಿನ ಕಡೆಯಿಂದ ಹೊರಗೆ ಬಿಡುವಂತೆ, ಹೀಟ್ ಪಂಪ್ ಚಳಿಗಾಲದಲ್ಲಿ ಹೊರಗಿನ ಗಾಳಿಯಲ್ಲಿರುವ ಶಾಖವನ್ನು ಶೀತಕ ದ್ರವದ ಮೂಲಕ ಹೀರಿ ಮನೆಯೊಳಕ್ಕೆ ತರುತ್ತದೆ. ಬೇಸಿಗೆಯಲ್ಲಿ ಅದೇ ಯಂತ್ರ ದಿಕ್ಕು ಬದಲಿಸಿ ಏರ್ ಕಂಡಿಷನರಾಗುತ್ತದೆ. ಅದು ಶಾಖವನ್ನು ಹುಟ್ಟಿಸುವ ಬದಲು ಸಾಗಿಸುವುದರಿಂದ, ಒಂದು ಯೂನಿಟ್ ವಿದ್ಯುತ್ತಿಗೆ ಎರಡರಿಂದ ನಾಲ್ಕು ಯೂನಿಟ್‌ನಷ್ಟು ಶಾಖ ಒಳಗೆ ಸೇರುತ್ತದೆ, ಹೊರಗಿನ ಚಳಿ ಹೆಚ್ಚಿದಂತೆ ಈ ಲಾಭ ಇಳಿಯುತ್ತ ಹೋಗುತ್ತದೆ.

ಆದರೆ ಕಾಯ್ದೆಯ ದೊಡ್ಡ ದೋಷವೂ ಇಲ್ಲಿಯೇ ಇದ್ದಿತು. ಹೀಟ್ ಪಂಪ್‌ನಂಥ ಯಂತ್ರಗಳಿಗೆ ಕೂಲಿಯ ಖರ್ಚನ್ನೂ ಸೇರಿಸಿ ಶೇ. 30 ಲೆಕ್ಕ ಹಾಕಬಹುದಾಗಿದ್ದರೆ, ಇನ್ಸುಲೇಷನ್, ಸಂದು ಮುಚ್ಚುವಿಕೆ, ಕಿಟಕಿ ಮತ್ತು ಬಾಗಿಲುಗಳಿಗೆ ಸಾಮಗ್ರಿಯ ಬೆಲೆ ಮಾತ್ರ ಲೆಕ್ಕಕ್ಕೆ ಬರುತ್ತಿತ್ತು. ಉದಾಹರಣೆಗೆ, 12,000 ಡಾಲರ್ ವೆಚ್ಚದ ಹೀಟ್ ಪಂಪ್ ಹಾಕಿಸಿದ ಕುಟುಂಬಕ್ಕೆ ಶೇ. 30 ಎಂದರೆ 3,600 ಡಾಲರ್, ಮಿತಿಯ ಕಾರಣ 2,000 ಡಾಲರ್ ದೊರೆಯುತ್ತಿತ್ತು. ಅಟ್ಟದ ಕೆಲಸಕ್ಕೆ 2,500 ಡಾಲರ್ ತೆತ್ತ ಕುಟುಂಬಕ್ಕೆ, ಅದರಲ್ಲಿ 1,500 ಕೂಲಿಯಾಗಿದ್ದರೆ, ಉಳಿದ 1,000 ಡಾಲರಿನ ಮೇಲೆ ಕೇವಲ 300 ಡಾಲರ್. ಸಂದು ಮುಚ್ಚುವ ಕೆಲಸದಲ್ಲಿ ಮೇಣದಂಥ ಲೇಪದ ಒಂದು ಕೊಳವೆ ಕೆಲವೇ ಡಾಲರಿಗೆ ಸಿಗುತ್ತದೆ, ಖರ್ಚಾಗುವುದೆಲ್ಲ ಇಕ್ಕಟ್ಟಾದ ಅಟ್ಟದಲ್ಲಿ ಮಂಡಿಯೂರಿ ತೆವಳುವ ಕೆಲಸಗಾರನ ಶ್ರಮಕ್ಕೆ. ಸೋರುವ ಮನೆಗೆ ಮೊದಲೇ ದೊಡ್ಡ ಯಂತ್ರ ಕೂರಿಸುವುದು ತೂತಿನ ಕೊಡಕ್ಕೆ ನೀರು ತುಂಬಿಸಿದಂತೆ. ಮೊದಲು ಸಂದು ಮುಚ್ಚಿ, ಅಟ್ಟಕ್ಕೆ ದಪ್ಪನೆಯ ಹೊದಿಕೆ ಹಾಕಿಸಿದರೆ ಚಿಕ್ಕ ಯಂತ್ರವೇ ಸಾಕಾಗುತ್ತದೆ. ಮೊದಲು ಆಗಬೇಕಾದ, ಅಗ್ಗವಾದ ಮತ್ತು ಬಾಳಿಕೆಯ ಕೆಲಸಕ್ಕೆ ಕಾಯ್ದೆಯು ಅತಿ ಕಡಿಮೆ ಕೊಟ್ಟಿತೆಂಬುದು ವಿಷಾದದ ಸಂಗತಿ.

ಎರಡನೆಯ ದೋಷ ಇನ್ನೂ ಆಳವಾದದ್ದು. 25ಸಿ ಮರುಪಾವತಿಯಿಲ್ಲದ ಕ್ರೆಡಿಟ್, ಅಂದರೆ ಅದು ತೆರಿಗೆಯನ್ನು ಸೊನ್ನೆಯವರೆಗೆ ಇಳಿಸಬಲ್ಲದು, ಸೊನ್ನೆಗಿಂತ ಕೆಳಕ್ಕೆ ಇಳಿಸಿ ಕೈಗೆ ಹಣ ಕೊಡಲಾರದು. 25ಡಿಯ ಸೌರ ಕ್ರೆಡಿಟ್ಟಿನಂತೆ ಉಳಿದದ್ದನ್ನು ಮುಂದಿನ ವರ್ಷಕ್ಕೆ ಒಯ್ಯುವ ಅವಕಾಶವೂ ಇದಕ್ಕೆ ಇರಲಿಲ್ಲ. ಇಲ್ಲಿ ಲೆಕ್ಕಕ್ಕೆ ಬರುವುದು ವರ್ಷದ ಒಟ್ಟು ತೆರಿಗೆಯೇ ಹೊರತು ರಿಟರ್ನ್ ಸಲ್ಲಿಸುವಾಗ ಬಾಕಿಯಿರುವ ಮೊತ್ತವಲ್ಲ. ಸಂಬಳದಿಂದ ತೆರಿಗೆಯೆಲ್ಲ ಮೊದಲೇ ಕಡಿತವಾಗಿದ್ದರೆ ಕ್ರೆಡಿಟ್ಟಿನಷ್ಟು ಹಣ ವಾಪಸು ಬರುತ್ತದೆ. ಆದರೆ ಒಟ್ಟು ತೆರಿಗೆಯೇ 1,400 ಡಾಲರ್ ಇರುವ ಕುಟುಂಬಕ್ಕೆ 2,000 ಡಾಲರ್ ಕ್ರೆಡಿಟ್ಟಿನಲ್ಲಿ 600 ಡಾಲರ್ ವ್ಯರ್ಥವಾಗುತ್ತದೆ, ತೆರಿಗೆಯೇ ಇಲ್ಲದ ಬಡ ಕುಟುಂಬಕ್ಕೆ ಪೂರ್ತಿ ವ್ಯರ್ಥ. ಹಳೆಯ, ಸೋರುವ ಮನೆಗಳಲ್ಲಿ ಇರುವವರೂ, ಆದಾಯದ ಹೆಚ್ಚಿನ ಪಾಲನ್ನು ಶಾಖದ ಬಿಲ್ಲಿಗೆ ತೆರುವವರೂ ಬಹುಮಟ್ಟಿಗೆ ಇವರೇ.

ಅರ್ಥಶಾಸ್ತ್ರಜ್ಞರಾದ ಸೆವೆರಿನ್ ಬೊರೆನ್‌ಸ್ಟೈನ್ ಮತ್ತು ಲ್ಯೂಕಸ್ ಡೇವಿಸ್ ತೆರಿಗೆ ದಾಖಲೆಗಳನ್ನು ಪರಿಶೀಲಿಸಿ ತೋರಿಸಿಕೊಟ್ಟಂತೆ, 2006ರಿಂದ ಮುಂದಿನ ವರ್ಷಗಳಲ್ಲಿ ಅಮೆರಿಕದ ಕುಟುಂಬಗಳಿಗೆ ಸಂದ 1,800 ಕೋಟಿ ಡಾಲರಿಗೂ ಮಿಕ್ಕಿದ ಶುದ್ಧ ಇಂಧನ ಕ್ರೆಡಿಟ್‌ಗಳಲ್ಲಿ ಸುಮಾರು ಶೇ. 60ರಷ್ಟು ಆದಾಯದಲ್ಲಿ ಮೇಲಿನ ಐದನೇ ಒಂದು ಭಾಗದವರಿಗೆ ಹೋಯಿತು; ಕೆಳಗಿನ ಐದನೇ ಮೂರು ಭಾಗದವರಿಗೆ ದಕ್ಕಿದ್ದು ಸುಮಾರು ಶೇ. 10 ಮಾತ್ರ. 2022ರ ಕಾಯ್ದೆಯ ನಂತರ ಬಳಕೆ ಬಹಳ ಹೆಚ್ಚಿತೆಂಬುದೂ ನಿಜ; 2023ನೇ ತೆರಿಗೆ ವರ್ಷದಲ್ಲಿ ಸುಮಾರು 23 ಲಕ್ಷ ಕುಟುಂಬಗಳು 25ಸಿ ಅಡಿ 210 ಕೋಟಿ ಡಾಲರ್, ಅಂದರೆ ಸರಾಸರಿ ಸುಮಾರು 880 ಡಾಲರ್ ಪಡೆದವು. ಆದರೂ ತೆರಿಗೆಯ ದಾರಿಯಲ್ಲಿ ಹೋದ ನೆರವು ತೆರಿಗೆ ಕಟ್ಟುವವರ ಮನೆಗೇ ಮುಟ್ಟುತ್ತದೆ. ಭಾರತವು 2024ರಲ್ಲಿ ಆರಂಭಿಸಿದ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ ಮೂರು ಕಿಲೋವ್ಯಾಟ್ ಛಾವಣಿ ಸೌರ ಘಟಕಕ್ಕೆ ಕೊಡುವ 78,000 ರೂಪಾಯಿ ಸಹಾಯಧನ, ತೆರಿಗೆ ಕಟ್ಟಲಿ ಬಿಡಲಿ, ನೇರವಾಗಿ ಬ್ಯಾಂಕ್ ಖಾತೆಗೆ ಜಮೆಯಾಗುತ್ತದೆ. ಈ ಒಂದು ವಿಷಯದಲ್ಲಿ ಆ ದಾರಿಯೇ ನ್ಯಾಯವಾದದ್ದು. ಅಮೆರಿಕದಲ್ಲಿಯೂ ಬಡವರ ಮನೆಗಳನ್ನು ಉಚಿತವಾಗಿ ದುರಸ್ತಿ ಮಾಡಿಕೊಡುವ ವೆದರೈಸೇಷನ್ ಕಾರ್ಯಕ್ರಮ 1976ರಿಂದ ಇದೆ, 2022ರ ಕಾಯ್ದೆಯೂ ರಾಜ್ಯಗಳ ಮೂಲಕ ಕೊಡುವ ರಿಯಾಯಿತಿಗಳಿಗೆ 880 ಕೋಟಿ ಡಾಲರ್ ಎತ್ತಿಟ್ಟಿತು.

2032ರವರೆಗೆ ನಡೆಯಬೇಕಾಗಿದ್ದ 25ಸಿ, ಅಧ್ಯಕ್ಷ ಡೊನಾಲ್ಡ್ ಟ್ರಂಪ್ 2025ರ ಜುಲೈ 4ರಂದು ಸಹಿ ಹಾಕಿದ ಕಾಯ್ದೆಯಿಂದಾಗಿ ಏಳು ವರ್ಷ ಮುಂಚೆಯೇ ಮುಗಿಯಿತು. ಇಲ್ಲಿ ಮುಖ್ಯವಾದದ್ದು ಹಣ ಕೊಟ್ಟ ದಿನವಲ್ಲ, ಸಾಧನವನ್ನು ಮನೆಯಲ್ಲಿ ಅಳವಡಿಸಿ ಮುಗಿಸಿದ ದಿನ. 2025ರ ನವೆಂಬರಿನಲ್ಲಿ ಪೂರ್ತಿ ಹಣ ಕೊಟ್ಟು 2026ರ ಜನವರಿಯಲ್ಲಿ ಕೂರಿಸಿದ ಹೀಟ್ ಪಂಪ್‌ಗೆ ಕ್ರೆಡಿಟ್ ಇಲ್ಲ. 2025ರ ಡಿಸೆಂಬರ್ 31ರೊಳಗೆ ಕೆಲಸ ಮುಗಿಸಿದವರು ತೆರಿಗೆ ರಿಟರ್ನಿನ ಜೊತೆ ನಮೂನೆ 5695ನ್ನು ಸಲ್ಲಿಸಬೇಕು. 2025ರಲ್ಲಿ ಅಳವಡಿಸಿದ ಕಿಟಕಿ, ಬಾಗಿಲು, ಹೀಟ್ ಪಂಪ್‌ನಂಥವಕ್ಕೆ ತಯಾರಕರ ಗುರುತಿನ ಸಂಕೇತವನ್ನೂ ಅದರಲ್ಲಿ ನಮೂದಿಸಬೇಕಾಗುತ್ತದೆ. ವಿದ್ಯುತ್ ಕಂಪನಿಯಿಂದ ರಿಯಾಯಿತಿ ಬಂದಿದ್ದರೆ ಅದನ್ನು ಖರ್ಚಿನಿಂದ ಮೊದಲು ಕಳೆದು, ಉಳಿದದ್ದರ ಮೇಲೆ ಶೇ. 30 ಲೆಕ್ಕ ಹಾಕಬೇಕು. ಸಾಮಗ್ರಿ ಮತ್ತು ಕೂಲಿಯನ್ನು ಬೇರೆಬೇರೆಯಾಗಿ ತೋರಿಸಿದ ಬಿಲ್ಲು ಕೈಯಲ್ಲಿದ್ದರೆ ಲೆಕ್ಕ ಸುಲಭ, ತಕರಾರು ಬಂದಾಗ ಆಧಾರವೂ ಹೌದು.

ಕೆಲಸ ಮಾಡಿಸಿಯೂ ಕ್ರೆಡಿಟ್ ಕೇಳಲು ಮರೆತವರಿಗೆ ದಾರಿ ಇನ್ನೂ ಮುಚ್ಚಿಲ್ಲ. ರಿಟರ್ನ್ ಸಲ್ಲಿಸಿದ ಮೂರು ವರ್ಷಗಳೊಳಗೆ 1040-ಎಕ್ಸ್ ಎಂಬ ತಿದ್ದುಪಡಿ ನಮೂನೆಯ ಮೂಲಕ ಅದನ್ನು ಕೇಳಬಹುದಾಗಿದ್ದು, 2023ರ ತೆರಿಗೆ ವರ್ಷದ ರಿಟರ್ನನ್ನು ಗಡುವಿನೊಳಗೆ ಸಲ್ಲಿಸಿದವರಿಗೆ ಈ ಅವಧಿ 2027ರ ಏಪ್ರಿಲ್ ಮಧ್ಯದವರೆಗೂ, 2024ರದ್ದಕ್ಕೆ 2028ರ ಏಪ್ರಿಲ್ ಮಧ್ಯದವರೆಗೂ ಇದೆ. ಅಮೆರಿಕದಲ್ಲಿ ಸ್ವಂತ ಮನೆ ಮಾಡಿಕೊಂಡು ಆ ವರ್ಷಗಳಲ್ಲಿ ಕಿಟಕಿ ಬದಲಿಸಿದವರು, ಅಟ್ಟಕ್ಕೆ ಹೊದಿಕೆ ಹಾಕಿಸಿದವರು, ಹಳೆಯ ಫರ್ನೇಸ್ ತೆಗೆದು ಹೀಟ್ ಪಂಪ್ ಕೂರಿಸಿದವರು ತಮ್ಮ ಹಳೆಯ ರಿಟರ್ನ್‌ಗಳಲ್ಲಿ ನಮೂನೆ 5695 ಇದೆಯೇ ಎಂದು ಒಮ್ಮೆ ತೆಗೆದು ನೋಡಲಿ. ಇಲ್ಲದಿದ್ದರೆ ಬಿಲ್ಲುಗಳನ್ನು ಹುಡುಕಿ, ಆ ದಿನಾಂಕದೊಳಗೆ ತಿದ್ದುಪಡಿ ಸಲ್ಲಿಸಲಿ.